ಮಂಡಿಯ ನರ ಸುಡೋ ಮುಂಚೆ ಆ ಒಂದು ಇಂಜೆಕ್ಷನ್ ಕೊಡಿ

ಇವತ್ತು ಮಧ್ಯಾಹ್ನ ದೊಡ್ಡಮ್ಮನನ್ನು ಕರ್ಕೊಂಡು ಒಂದು ಆಸ್ಪತ್ರೆಗೆ ಹೋಗಿದ್ದೆ. ಮನೆಗೆ ಬಂದು ಮೂರು ಗಂಟೆ ಆಯ್ತು, ಸಿಟ್ಟು ಇನ್ನೂ ಇಳಿದಿಲ್ಲ. ಕುಕ್ಕರ್ ಇಟ್ಟು ಬಂದು ಇದನ್ನು ಬರೀತಾ ಇದ್ದೀನಿ. ಯಾವ ಆಸ್ಪತ್ರೆ ಅಂತ ಕೇಳಬೇಡಿ, ಹೆಸರು ಹಾಕಲ್ಲ.

ದೊಡ್ಡಮ್ಮನಿಗೆ 76. ಎರಡೂ ಮಂಡಿ ನೋವು. ಅರಸೀಕೆರೆಯಿಂದ ಬೆಳಗಿನ ರೈಲಿಗೆ ಬಂದಿದ್ದರು, ಕೈಯಲ್ಲಿ ಎಕ್ಸ್‌ರೇ ಕವರ್, ಇನ್ನೊಂದು ಕೈಯಲ್ಲಿ ಮಾತ್ರೆಗಳ ಪ್ಲಾಸ್ಟಿಕ್ ಚೀಲ. ಡಾಕ್ಟರು ಎಕ್ಸ್‌ರೇ ಎತ್ತಿ ಬೆಳಕಿಗೆ ಹಿಡಿದರು, ಸೀರೆ ಮೇಲಿಂದಲೇ ಎರಡು ಮಂಡಿಯನ್ನೂ ಒಂದೊಂದು ಸಲ ಒತ್ತಿದರು, "ಸವೆದಿದೆ ಅಮ್ಮ, ಕೂಲ್ಡ್ ಆರ್‌ಎಫ್ ಮಾಡೋಣ" ಅಂದರು. ಪೂರ್ತಿ ಹೆಸರು ಕೂಲ್ಡ್ ರೇಡಿಯೋಫ್ರೀಕ್ವೆನ್ಸಿ, ಮಂಡಿಯ ನೋವಿನ ಸುದ್ದಿ ಒಯ್ಯೋ ನರಗಳನ್ನು ಸೂಜಿ ಚುಚ್ಚಿ ಸುಡೋ ಚಿಕಿತ್ಸೆ. ಮಂಚದ ಮೇಲೆ ಮಲಗಿಸಲಿಲ್ಲ. ನಡೆಸಿ ನೋಡಲಿಲ್ಲ. ಆ ಚೀಲದಲ್ಲಿ ರಕ್ತ ತೆಳು ಮಾಡೋ ಮಾತ್ರೆ ಇತ್ತು, ಸ್ಟೆಂಟ್ ಹಾಕಿದಾಗಿನಿಂದ ತಗೊಳ್ತಾ ಇದ್ದಾರೆ. ಏನೇನು ಮಾತ್ರೆ ತಗೋತೀರಿ ಅಂತ ಒಂದು ಮಾತು ಕೇಳಲಿಲ್ಲ. ನಾನಾಗಿಯೇ ಹೇಳಿದ ಮೇಲೆ "ನೋಡೋಣ" ಅಂದರು.

ಆಮೇಲೆ ಪಕ್ಕದ ಕೋಣೆಯಲ್ಲಿ ಕೌನ್ಸೆಲರ್. ಪಾಪ, ಚಿಕ್ಕ ಹುಡುಗಿ, ಅವಳ ಮೇಲೆ ನನಗೆ ಕೋಪ ಇಲ್ಲ. ಪ್ಯಾಕೇಜ್ ಹಾಳೆ ಮುಂದಿಟ್ಟಳು. ಎರಡೂ ಮಂಡಿಗೆ ಒಂದೇ ದಿನ, ಬೆಳಿಗ್ಗೆ ಅಡ್ಮಿಟ್, ಸಂಜೆ ಮನೆಗೆ, ಶನಿವಾರ ಜಾಗ ಇದೆ. ನಾನು ಕೇಳಿದ್ದು ಒಂದೇ ಪ್ರಶ್ನೆ. "ಮೊದಲು ಟೆಸ್ಟ್ ಬ್ಲಾಕ್ ಯಾವತ್ತು ಕೊಡ್ತೀರಿ?" ಅಂದರೆ ಸುಡೋ ಮುಂಚೆ ಆ ನರಗಳನ್ನು ಸ್ವಲ್ಪ ಹೊತ್ತು ಮರಗಟ್ಟಿಸಿ, ನೋವು ಇಳಿಯತ್ತಾ ಅಂತ ನೋಡೋ ಪರೀಕ್ಷಾ ಇಂಜೆಕ್ಷನ್.

"ಅದೆಲ್ಲ ಬೇಕಾಗಲ್ಲ ಮೇಡಂ, ನಮ್ಮಲ್ಲಿ ಡೈರೆಕ್ಟ್ ಪ್ರೊಸೀಜರ್."

ಈ ಉತ್ತರಕ್ಕೇ ನಾನು ಎದ್ದು ಬಂದಿದ್ದು. ಅದು ಯಾಕೆ ಬೇಕು ಅಂತ ನಮ್ಮಮ್ಮನ ಎರಡು ಕಾಲು ನನಗೆ ಕಲಿಸಿವೆ.

ಅಮ್ಮನ ಮಂಡಿ ವಿಷಯ ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತು, ಹೋದ ವರ್ಷ ಫೋನ್ ಮಾಡಿ ವಿಚಾರಿಸಿದವರೂ ಇದ್ದೀರಿ. ಗೊತ್ತಿಲ್ಲದ ಭಾಗ ಹೇಳ್ತೀನಿ. ಮೂರು ವರ್ಷ ಅಮ್ಮ ನೋವು ಅಂದಾಗೆಲ್ಲ ನಾನು ಹೇಳಿದ್ದು "ವಯಸ್ಸಾದ ಮೇಲೆ ಎಲ್ಲರಿಗೂ ಬರತ್ತಮ್ಮ" ಅಂತ. ಅವರು ಮತ್ತೆ ಹೇಳೋದು ಬಿಟ್ಟರು. ತಿಪಟೂರಿನ ಮನೆ ಹತ್ತಿರದ ಮೆಡಿಕಲ್ ಶಾಪಲ್ಲಿ ಡೈಕ್ಲೋಫಿನಾಕ್ ಅನ್ನೋ ನೋವಿನ ಮಾತ್ರೆ ತಗೊಂಡು ನುಂಗ್ತಾ ಇದ್ದರು, ಬೆಳಿಗ್ಗೆ ಒಂದು, ರಾತ್ರಿ ಒಂದು. ರಕ್ತ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ ಏರಿದ್ದು, ಅಂದರೆ ಕಿಡ್ನಿಗೆ ತೊಂದರೆ ಆಗ್ತಿರೋದು, ಕಂಡ ದಿನ ನನಗೆ ನಿದ್ದೆ ಬರಲಿಲ್ಲ. ದಿನಾ ಫೋನ್ ಮಾಡ್ತಿದ್ದೆ, ಊಟ ಆಯ್ತಾ ಅಂತ ಕೇಳ್ತಿದ್ದೆ, ಏನು ನುಂಗ್ತಿದ್ದೀಯ ಅಂತ ಒಂದು ದಿನಾನೂ ಕೇಳಿರಲಿಲ್ಲ.

ಮಾತ್ರೆ ನಿಂತಿತು. ಮಂಡಿ ಬದಲಾಯಿಸೋ ಆಪರೇಷನ್‌ಗೆ ಅಮ್ಮ ಖಡಾಖಂಡಿತ ಬೇಡ ಅಂದರು. ಬಲಮಂಡಿಗೆ ಅಷ್ಟರಲ್ಲಿ ಬೇರೆ ಕಡೆ ಎರಡು ಸಲ ಸ್ಟೆರಾಯ್ಡ್ ಇಂಜೆಕ್ಷನ್ ಆಗಿತ್ತು, ಎರಡು ಸಲವೂ ಏನೂ ಫಲ ಕಾಣಲಿಲ್ಲ. ಆಗ ಸಹೋದ್ಯೋಗಿಯೊಬ್ಬರು ಹೇಳಿ ಒಬ್ಬ ನೋವು ಚಿಕಿತ್ಸೆಯ ಡಾಕ್ಟರ ಹತ್ತಿರ ಹೋದೆವು.

ಅವರು ಕೂಲ್ಡ್ ರೇಡಿಯೋಫ್ರೀಕ್ವೆನ್ಸಿ ಬಗ್ಗೆ ಹೇಳಿದರು. ಆದರೆ ಅದಕ್ಕೆ ಮುಂಚೆ ಒಂದು ದಿನ ಪರೀಕ್ಷೆ ಅಂದರು. ಸಿ-ಆರ್ಮ್ ಎಕ್ಸ್‌ರೇ ನೋಡಿಕೊಂಡು ಪ್ರತಿ ಮಂಡಿಯ ಸುತ್ತ ಮೂರು ಕಡೆ, ಮೇಲೆ ಒಳಗಡೆ, ಮೇಲೆ ಹೊರಗಡೆ, ಕೆಳಗೆ ಒಳಗಡೆ, ಮರಗಟ್ಟಿಸೋ ಔಷಧಿ ಸ್ವಲ್ಪ ಸ್ವಲ್ಪ ಬಿಟ್ಟರು. ಮಂಡಿಯಿಂದ ನೋವಿನ ಸುದ್ದಿ ಒಯ್ಯೋ ಜೆನಿಕ್ಯುಲರ್ ನರಗಳು ಹಾದುಹೋಗೋದು ಅಲ್ಲೇ. ನಾಲ್ಕನೇ ಮೂಲೆ, ಕೆಳಗೆ ಹೊರಗಡೆ, ಅದನ್ನು ಯಾಕೆ ಬಿಟ್ಟಿರಿ ಅಂತ ಕೇಳಿದೆ. ಪಾದ ಎತ್ತೋ ಸ್ನಾಯುಗಳಿಗೆ ಹೋಗೋ ನರ ಅಲ್ಲೇ ಹತ್ತಿರ ಇರತ್ತೆ, ಅದಕ್ಕೆ ಪೆಟ್ಟಾದರೆ ನಡೆಯೋವಾಗ ಪಾದ ಜೋಲುತ್ತೆ ಅಂದರು. ಅಷ್ಟು ತಾಳ್ಮೆಯಿಂದ ಹೇಳಿದರು.

ಹತ್ತು ನಿಮಿಷ ಬಿಟ್ಟು, "ಅಮ್ಮ, ಮನೇಲಿ ಏನು ಮಾಡಿದರೆ ನೋಯತ್ತೋ ಅದನ್ನೇ ಈಗ ಮಾಡಿ" ಅಂದರು. ಅಮ್ಮ ಆಸ್ಪತ್ರೆಯ ಮೆಟ್ಟಿಲಿಗೆ ಹೋದರು. ಎಡಗೈಯಲ್ಲಿ ಕಂಬಿ, ಬಲಗೈಯಲ್ಲಿ ನನ್ನ ಮುಂಗೈ. ಎಡಗಾಲು ಊರಿ ಒಂದು ಮೆಟ್ಟಿಲು ಹತ್ತಿ ನಿಂತರು. ಮತ್ತೆ ಎಡಗಾಲು ಊರಿ ಇನ್ನೊಂದು. ಎಂಟು ಮೆಟ್ಟಿಲು ಹೀಗೇ. ಆಮೇಲೆ ಬಲಗಾಲು ಮುಂದಿಟ್ಟು ಹತ್ತಲು ಹೋದವರು ನನ್ನ ಮುಂಗೈ ಬಿಗಿಯಾಗಿ ಹಿಡಿದುಬಿಟ್ಟರು.

"ಎಡಗಾಲು ಹಗುರ ಆಗಿದೆ ಕಣೇ. ಇದು ಮಾತ್ರ ಹಂಗೇ ಇದೆ."

ಡಾಕ್ಟರು ಅದನ್ನು ಕೇಳಿ ಅಮ್ಮನನ್ನು ಮಂಚದ ಮೇಲೆ ಮಲಗಿಸಿ, ಬಲಗಾಲನ್ನು ಮಡಿಸಿ ನಿಧಾನಕ್ಕೆ ಒಳಗೆ ಹೊರಗೆ ತಿರುಗಿಸಿದರು. ಅಮ್ಮ "ಅಯ್ಯಪ್ಪಾ" ಅಂತ ಕೈ ಇಟ್ಟಿದ್ದು ತೊಡೆಸಂದಿಗೆ. ಮಂಡಿಗಲ್ಲ, ತೊಡೆಸಂದಿಗೆ! ಎಕ್ಸ್‌ರೇಯಲ್ಲಿ ಸೊಂಟದ ಕೀಲು ಸವೆದಿತ್ತು. ಸೊಂಟದ ಕೀಲಿನ ನೋವು ತೊಡೆಯಲ್ಲಿ ಇಳಿದು ಮಂಡಿಯಲ್ಲಿ ಕಾಣಿಸಿಕೊಳ್ಳೋದು ಅಪರೂಪವೇನಲ್ಲವಂತೆ, ಎರಡು ಕಡೆಗೂ ಕೊಂಬೆ ಹಾಕಿರೋ ನರಗಳಿವೆ. ಅಂದರೆ ಎರಡು ಸಲ ಬಲಮಂಡಿಗೆ ಚುಚ್ಚಿದ್ದು ನೋವಿಲ್ಲದ ಜಾಗಕ್ಕೆ. ಆ ಪರೀಕ್ಷೆ ಇಲ್ಲದಿದ್ದರೆ ಮೂರನೇ ಸಲ ಅದೇ ಮಂಡಿಯ ನರಗಳನ್ನೂ ಸುಡ್ತಿದ್ದೆವು, ಅಮ್ಮ ಅದೇ ಕಾಲೆಳೆದುಕೊಂಡು ಮನೆಗೆ ಬರ್ತಿದ್ದರು.

ಕೊನೆಗೆ ಎಡಮಂಡಿಗೆ ಮಾತ್ರ ಮಾಡಿದರು. ಹನ್ನೊಂದು ತಿಂಗಳು ಅಮ್ಮ ಆ ಕಾಲಿನ ಸುದ್ದಿ ಎತ್ತಲಿಲ್ಲ.

ಆ ಯಂತ್ರ ಹೇಗೆ ಕೆಲಸ ಮಾಡತ್ತೆ ಅಂತ ಹೇಳದೆ ಮುಂದೆ ಹೋಗೋಕೆ ನನ್ನಿಂದ ಆಗಲ್ಲ, ಇಪ್ಪತ್ತು ವರ್ಷ ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಹೇಳಿದವಳು. ಕೂಲ್ಡ್ ಅಂದ ತಕ್ಷಣ ಮಂಡಿ ತಂಪು ಮಾಡ್ತಾರೆ ಅಂತ ಜನ ತಿಳ್ಕೊಳ್ತಾರೆ. ದೊಡ್ಡಮ್ಮನೂ ಹಾಗೇ ತಿಳ್ಕೊಂಡಿದ್ದರು, ಆ ಕೋಣೆಯಲ್ಲಿ ಯಾರೂ ತಿದ್ದಲಿಲ್ಲ. ಇದು ಸುಡೋ ಚಿಕಿತ್ಸೆ. ಸೂಜಿಯ ತುದಿಯಿಂದ ಸೆಕೆಂಡಿಗೆ ಸುಮಾರು 5 ಲಕ್ಷ ಸಲ ಹೋಗಿ ಬರೋ ವಿದ್ಯುತ್ ಹರಿಸ್ತಾರೆ. ಸುತ್ತಲಿನ ಅಂಗಾಂಶದ ಅಯಾನುಗಳು ಅದರ ಜೊತೆ ಹಿಂದೆ ಮುಂದೆ ಓಲಾಡಿ ತಿಕ್ಕಾಡಿ ಬಿಸಿಯಾಗ್ತವೆ. ಬಿಸಿ ಹುಟ್ಟೋದು ಅಂಗಾಂಶದಲ್ಲೇ. ಹಳೇ ವಿಧಾನದಲ್ಲಿ ಸೂಜಿಯ ತುದಿ 80ರಿಂದ 90 ಡಿಗ್ರಿಗೆ ಹೋಗತ್ತೆ. ಆಗ ಅದಕ್ಕೆ ಅಂಟಿಕೊಂಡಿರೋ ಅಂಗಾಂಶ ಬೇಗ ಒಣಗಿ ಕರಕಲಾಗತ್ತೆ, ರೋಧ ಏರತ್ತೆ, ಮುಂದಕ್ಕೆ ವಿದ್ಯುತ್ ಸರಿಯಾಗಿ ಹರಿಯಲ್ಲ. ಉರಿ ಜೋರು ಮಾಡಿ ಕಜ್ಜಾಯ ಕರಿದ ಹಾಗೆ, ಮೇಲೆ ಕಪ್ಪು, ಒಳಗೆ ಹಸಿ.

ಕೂಲ್ಡ್ ಸೂಜಿಯ ಒಳಗಡೆ ಪಂಪಿನಿಂದ ನೀರು ಹರಿದು ತುದಿ ಮುಟ್ಟಿ ವಾಪಸ್ ಬರ್ತಾ ಇರತ್ತೆ. ತುದಿ 60 ಡಿಗ್ರಿಯಲ್ಲೇ ನಿಲ್ಲತ್ತೆ, ಪಕ್ಕದ್ದು ಕರಕಲಾಗಲ್ಲ, ಹೆಚ್ಚು ಶಕ್ತಿ ದೂರಕ್ಕೆ ಹೋಗತ್ತೆ. ಕೆಲವು ಮಿಲಿಮೀಟರ್ ಆಚೆ 80 ಡಿಗ್ರಿ ಮುಟ್ಟತ್ತೆ. ಒಂದೊಂದು ಜಾಗಕ್ಕೆ ಎರಡೂವರೆ ನಿಮಿಷ. ಸುಡೋ ಜಾಗ ಗುಂಡಗೆ, ಹೆಚ್ಚುಕಡಿಮೆ ಒಂದು ಸೆಂಟಿಮೀಟರ್ ಅಗಲ ಬರತ್ತೆ. ಜೆನಿಕ್ಯುಲರ್ ನರಗಳು ಒಬ್ಬೊಬ್ಬರಲ್ಲಿ ಒಂದೊಂದು ದಾರಿ ಹಿಡಿದಿರ್ತವೆ, ಅಗಲವಾಗಿ ಸುಟ್ಟರೆ ನರ ಸಿಗೋ ಸಾಧ್ಯತೆ ಹೆಚ್ಚು. ಇದನ್ನು ಯೋಚಿಸಿದವರಿಗೆ ನನ್ನ ನಮಸ್ಕಾರ. ಅಮ್ಮ ಮಾತ್ರ ಆ ಟ್ಯೂಬಲ್ಲಿ ನೀರು ಓಡೋದನ್ನು ನೋಡಿ ಗಾಬರಿಯಾಗಿ, "ಡಾಕ್ಟ್ರೇ, ಆ ನೀರೆಲ್ಲ ನನ್ನ ಮಂಡಿಗೆ ತುಂಬ್ತೀರಾ?" ಅಂತ ಕೇಳಿದ್ದರು. ಒಂದು ಹನಿಯೂ ಒಳಗೆ ಹೋಗಲ್ಲಮ್ಮ ಅಂತ ಅವರು ಟ್ಯೂಬನ್ನೇ ಹತ್ತಿರ ತಂದು ತೋರಿಸಿದರು. ಸುಡೋ ಮುಂಚೆ ಸಣ್ಣ ಮಿಡಿತ ಕೊಟ್ಟು ಕಾಲು ಎಗರತ್ತಾ ಅಂತಲೂ ನೋಡಿದರು. ಎಗರಿದರೆ ಸೂಜಿ ಚಲನೆಯ ನರದ ಹತ್ತಿರ ಇದೆ ಅಂತ ಅರ್ಥ.

ನನ್ನ ಮಾತು ಇಷ್ಟೇ. ಅಗಲವಾಗಿ ಸುಡೋ ಸಾಧನ ಕೈಗೆ ಬಂದಾಗ, ಯಾವ ಕಾಲಲ್ಲಿ, ಯಾವ ನೋವಿಗೆ ಸುಡ್ತಿದ್ದೀವಿ ಅಂತ ನೋಡೋ ಹೊಣೆ ಇನ್ನೂ ಹೆಚ್ಚಾಗಬೇಕು. 2017ರ ಏಪ್ರಿಲಲ್ಲಿ ಅಮೆರಿಕದಲ್ಲಿ ಔಷಧಿ, ವೈದ್ಯಕೀಯ ಸಾಧನಗಳಿಗೆ ಒಪ್ಪಿಗೆ ಕೊಡೋ ಸಂಸ್ಥೆ ಎಫ್‌ಡಿಎ, ಕೂಲೀಫ್ ಅನ್ನೋ ಕೂಲ್ಡ್ ಆರ್‌ಎಫ್ ಸಾಧನಕ್ಕೆ ಮಂಡಿ ಸವೆತದ ನೋವಿಗೆ ಅಂತ ಒಪ್ಪಿಗೆ ಕೊಟ್ಟಾಗ ಹಾಕಿದ ಷರತ್ತು ನೋಡಿ: ಆರು ತಿಂಗಳಿಗೂ ಮೀರಿದ ನೋವಿರಬೇಕು, ಔಷಧಿ ಎಲ್ಲ ಪ್ರಯತ್ನಿಸಿರಬೇಕು, ಎಕ್ಸ್‌ರೇಯಲ್ಲಿ ಸವೆತ ಕಾಣಬೇಕು, ಪರೀಕ್ಷಾ ಬ್ಲಾಕ್ ಕೊಟ್ಟಾಗ ನೋವು ಅರ್ಧಕ್ಕಾದರೂ ಇಳಿದಿರಬೇಕು. ಆ ಕೊನೆಯದನ್ನೇ ಇವತ್ತು "ಬೇಕಾಗಲ್ಲ ಮೇಡಂ" ಅಂದಿದ್ದು.

ಚಿಕಿತ್ಸೆ ಮೇಲೆ ನನಗೆ ತಕರಾರಿಲ್ಲ. 2018ರಲ್ಲಿ ಬಂದ ಅಧ್ಯಯನವೊಂದರಲ್ಲಿ 151 ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಇದನ್ನು, ಇನ್ನೊಂದಕ್ಕೆ ಕೀಲಿನೊಳಗೆ ಸ್ಟೆರಾಯ್ಡ್ ಕೊಟ್ಟು ನೋಡಿದರು. ಆರು ತಿಂಗಳಿಗೆ ನೋವು ಅರ್ಧಕ್ಕಾದರೂ ಇಳಿದವರು ಇದರಲ್ಲಿ ಶೇಕಡಾ 74, ಸ್ಟೆರಾಯ್ಡಲ್ಲಿ 16. ಅಲ್ಲಿ ಸೇರಿಸಿಕೊಂಡವರಿಗೆಲ್ಲ ಮೊದಲು ಪರೀಕ್ಷಾ ಬ್ಲಾಕ್ ಆಗಿತ್ತು. ಆ 74ನ್ನು ತೋರಿಸಿ ದುಡ್ಡು ಕೇಳುವಾಗ, ಅದಕ್ಕೆ ಮುಂಚಿನ ಮೆಟ್ಟಿಲನ್ನು ಕಿತ್ತುಹಾಕೋದು ಯಾವ ನ್ಯಾಯ?

ಈಗ ಇದನ್ನು ಓದೋ ಡಾಕ್ಟರ್ ಗೆಳೆಯರು ಇನ್ನೊಂದು ಅಧ್ಯಯನ ಎತ್ತಿ ತೋರಿಸ್ತೀರಿ, ಗೊತ್ತು. ಅದೂ 2018ರದ್ದೇ. ಕೆಲವರಿಗೆ ಬ್ಲಾಕ್ ಕೊಟ್ಟು, ಕೆಲವರಿಗೆ ಕೊಡದೆ ನೇರವಾಗಿ ಕೂಲ್ಡ್ ಆರ್‌ಎಫ್ ಮಾಡಿದರು. ಆರು ತಿಂಗಳಿಗೆ ಬ್ಲಾಕ್ ಆದವರಲ್ಲಿ ಶೇಕಡಾ 59, ಆಗದವರಲ್ಲಿ 64 ಮಂದಿಗೆ ನೋವು ಅರ್ಧಕ್ಕೆ ಇಳಿದಿತ್ತು. ಅಂದರೆ ಬ್ಲಾಕಿನಿಂದ ಹೆಚ್ಚುವರಿ ಲಾಭ ಕಾಣಲಿಲ್ಲ. ಓದಿದ್ದೀನಿ. ಒಟ್ಟು 54 ಜನರ ಅಧ್ಯಯನ ಅದು. ನೋವು ಮಂಡಿಯ ಸವೆತದ್ದೇ ಅಂತ ತೀರ್ಮಾನಿಸಿ ಆರಿಸಿಕೊಂಡ ರೋಗಿಗಳು. ದೊಡ್ಡಮ್ಮನನ್ನು ಹಾಗೆ ಯಾರು ನೋಡಿದರು? ಕಾಲು ತಿರುಗಿಸಿ ನೋಡದೆ, ಮಲಗಿಸದೆ, ಸೀರೆ ಮೇಲೆ ಒತ್ತಿ ಕಳಿಸೋ ಕಡೆ ಆ ಅಧ್ಯಯನದ ಹೆಸರು ಹೇಳೋ ಹಕ್ಕಿಲ್ಲ. ಸರಿಯಾಗಿ ಪರೀಕ್ಷೆ ಮಾಡಿ, ಸೊಂಟ ನೋಡಿ, ಬೆನ್ನು ನೋಡಿ, ಆಮೇಲೆ ಬ್ಲಾಕ್ ಬೇಡ ಅಂತ ಕಾರಣ ಹೇಳಿದರೆ ನಾನು ಕೂತು ಕೇಳ್ತೀನಿ. ಇವತ್ತು ಕಾರಣ ಹೇಳಲಿಲ್ಲ, ಶನಿವಾರ ಅಂತ ದಿನ ಹೇಳಿದರು.

ಊರಿಂದ ಎರಡೆರಡು ಸಲ ಬರೋದು ವಯಸ್ಸಾದವರಿಗೆ ಕಷ್ಟ ಅನ್ನೋದೂ ನಿಜ. ಅರಸೀಕೆರೆಯಿಂದ ಬರೋ ದೊಡ್ಡಮ್ಮನಿಗೆ ಅದು ಎಷ್ಟು ಕಷ್ಟ ಅಂತ ಸ್ಟೇಷನ್ನಲ್ಲಿ ಕೈ ಹಿಡಿದು ಇಳಿಸಿಕೊಂಡ ನನಗೆ ಗೊತ್ತು. ಆದರೂ ಸಂಬಂಧವಿಲ್ಲದ ನರ ಸುಡಿಸಿಕೊಂಡು, ನೋವು ಹಾಗೇ ಇಟ್ಟುಕೊಂಡು, ಉಳಿಸಿದ್ದ ದುಡ್ಡೂ ಕಳಕೊಂಡು ಊರಿಗೆ ಹೋಗೋದಕ್ಕಿಂತ ಇನ್ನೊಂದು ಸಲ ರೈಲು ಹತ್ತೋದು ಸುಲಭ.

ಇನ್ನೊಂದು ಮಾತನ್ನೂ ಅಲ್ಲಿ ಯಾರೂ ಹೇಳಲಿಲ್ಲ. ಸುಟ್ಟ ನರ ಮತ್ತೆ ಬೆಳೆಯತ್ತೆ. ಆರು ತಿಂಗಳು, ವರ್ಷ, ಕೆಲವರಿಗೆ ಇನ್ನೂ ಹೆಚ್ಚು ಆರಾಮ ಸಿಗಬಹುದು, ಆಮೇಲೆ ನೋವು ವಾಪಸ್ ಬರಬಹುದು, ಬೇಕಾದರೆ ಮತ್ತೆ ಮಾಡಿಸಬಹುದು. ಸವೆದ ಮೃದ್ವಸ್ಥಿ ಇದರಿಂದ ಬೆಳೆಯಲ್ಲ. ಅಮ್ಮನ ಎಡಮಂಡಿ ಹನ್ನೆರಡನೇ ತಿಂಗಳಿಗೆ ಸ್ವಲ್ಪ ಸ್ವಲ್ಪ ನೋಯೋಕೆ ಶುರುವಾದಾಗ ನಾವು ಹೆದರಲಿಲ್ಲ, ಮೊದಲೇ ಹೇಳಿದ್ದರು. ಆ ಆರಾಮದ ತಿಂಗಳುಗಳಲ್ಲಿ ತೊಡೆಯ ಸ್ನಾಯು ಗಟ್ಟಿ ಮಾಡೋ ವ್ಯಾಯಾಮ ಬಿಡಬೇಡಿ ಅಂತಲೂ ಹೇಳಿದ್ದರು. ಅಮ್ಮ ಈಗಲೂ ಬೆಳಿಗ್ಗೆ ಕಾಫಿಗೆ ಮುಂಚೆ ಕುರ್ಚಿಯಲ್ಲಿ ಕೂತು ಕಾಲು ನೀಟಾಗಿ ಚಾಚಿ ಹತ್ತು ಎಣಿಸ್ತಾರೆ. ದೊಡ್ಡಮ್ಮನಿಗೆ ಮಾತ್ರ ಆ ಹುಡುಗಿ "ಇದೊಂದು ಮಾಡಿಸಿದರೆ ಮಂಡಿ ಚಿಂತೆ ಬಿಡಿ ಅಮ್ಮ" ಅಂದಳು. ದೊಡ್ಡಮ್ಮನ ಮುಖ ಅರಳಿದ್ದನ್ನು ನೋಡಿ ನನಗೆ ಹೊಟ್ಟೆಯಲ್ಲಿ ಸಂಕಟ ಆಯ್ತು.

ಹೊರಗೆ ಬಂದು ಆಟೋ ಹತ್ತಿದ ಮೇಲೆ ದೊಡ್ಡಮ್ಮ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ "ಅಷ್ಟು ದೊಡ್ಡ ಡಾಕ್ಟ್ರ ಹತ್ರ ಹಂಗೆ ಎದ್ದು ಬರಬಾರದಿತ್ತು ಕಣಮ್ಮ" ಅಂದರು. ನನಗೆ ಕಣ್ಣು ತುಂಬಿತು. ದುಡ್ಡು ಕೊಡೋರು ಅವರು, ಸುಡಿಸಿಕೊಳ್ಳೋರು ಅವರು, ಪ್ರಶ್ನೆ ಕೇಳಿದ್ದಕ್ಕೆ ಸಂಕೋಚ ಪಡೋರೂ ಅವರೇ.

ಅಮ್ಮನನ್ನು ನೋಡಿದ್ದ ಡಾಕ್ಟರ ಹತ್ತಿರವೇ ಬುಧವಾರಕ್ಕೆ ಅಪಾಯಿಂಟ್‌ಮೆಂಟ್ ಸಿಕ್ಕಿದೆ. ಹೃದಯದ ಡಾಕ್ಟರಿಗೂ ಫೋನ್ ಮಾಡಿದ್ದೀನಿ, ಆ ಮಾತ್ರೆ ನಿಲ್ಲಿಸಬೇಕೋ ಬೇಡವೋ ಅವರೇ ಹೇಳಬೇಕು, ನಾವಾಗಿ ನಿಲ್ಲಿಸೋ ಹಾಗಿಲ್ಲ. ದೊಡ್ಡಮ್ಮ ಅಲ್ಲಿವರೆಗೆ ನಮ್ಮ ಮನೆಯಲ್ಲೇ. ಅಮ್ಮ ತಿಪಟೂರಿಂದ ಫೋನ್ ಮಾಡಿ, "ಅಕ್ಕ, ಅವರು ಮೆಟ್ಲು ಹತ್ತು ಅಂತಾರೆ, ನಾಚ್ಕೋಬೇಡ, ನೋವಿದ್ರೆ ಇದೆ ಅನ್ನು" ಅಂತ ಈಗ ಹೇಳ್ತಾ ಇದ್ದಾರೆ, ಸ್ಪೀಕರಲ್ಲಿ ಕೇಳಿಸ್ತಾ ಇದೆ.

ನಿಮ್ಮ ಮನೆಯಲ್ಲಿ ಯಾರಿಗಾದರೂ ಇದನ್ನು ಮಾಡಿಸಿದ್ದರೆ, ಮೊದಲು ಆ ಪರೀಕ್ಷಾ ಇಂಜೆಕ್ಷನ್ ಕೊಟ್ಟಿದ್ದರಾ, ಆರಾಮ ಎಷ್ಟು ತಿಂಗಳು ಇತ್ತು, ಎರಡು ಸಾಲು ಬರೆಯಿರಿ. ದೊಡ್ಡಮ್ಮನಿಗೆ ಓದಿ ಹೇಳ್ತೀನಿ.