ಪಕ್ಕದ ಮೈಕಿನಲ್ಲಿ ಹಾಡಿದವರು ಯಾರು?

1966ರಲ್ಲಿ ಅಮೆರಿಕದ ರೇಡಿಯೊಗಳಲ್ಲಿ ಹೊಸದೊಂದು ಕಂಟ್ರಿ ಹಾಡು, ಅಂದರೆ ಅಲ್ಲಿನ ಹಳ್ಳಿಗಾಡಿನ ಸಂಗೀತದಿಂದ ಬೆಳೆದ ಬಗೆಯ ಹಾಡು, ಬರತೊಡಗಿತು. ಹಾಡಿದವರು ಬಿಲ್ ಫಿಲಿಪ್ಸ್ ಎಂದು ರೆಕಾರ್ಡಿನ ಮೇಲೆ ಅಚ್ಚಾಗಿತ್ತು. ಹಾಡು ಜನಪ್ರಿಯವಾಯಿತು. ಆದರೆ ರೇಡಿಯೊದವರು ವಿಚಾರಿಸತೊಡಗಿದ್ದು ಬಿಲ್ ಅವರನ್ನು ಕುರಿತಲ್ಲ. ಅವರ ದನಿಯ ಮೇಲೆ ಇನ್ನೊಂದು ಸ್ವರ ಹಿಡಿದು ಹಾಡುತ್ತಿರುವ ಆ ಹುಡುಗಿ ಯಾರು ಎಂದು. ಅವಳು ಮುಂದೆ ಕಂಟ್ರಿಯ ದೊಡ್ಡ ತಾರೆಯಾದ ಡಾಲಿ ಪಾರ್ಟನ್. ಸೋದರಮಾವ ಬಿಲ್ ಓವೆನ್ಸ್ ಜೊತೆ ಸೇರಿ ಆ ಹಾಡನ್ನು ಬರೆದವಳೂ ಅವಳೇ. ಅವಳನ್ನು ಪಾಪ್ ಗಾಯಕಿಯನ್ನಾಗಿ ಮಾಡಲು ಹೊರಟಿದ್ದ ಮಾನ್ಯುಮೆಂಟ್ ರೆಕಾರ್ಡ್ ಕಂಪನಿ ಆ ಮೇಲೆ ಮನಸ್ಸು ಬದಲಿಸಿ, ಕಂಟ್ರಿ ಹಾಡಲು ಬಿಟ್ಟಿತು.

ಸುಮಾರು ಹತ್ತು ವರ್ಷಗಳ ನಂತರ ಇದೇ ಕಥೆ ಮತ್ತೆ ನಡೆಯಿತು. ಕಂಟ್ರಿ ಗಾಯಕ ಜಾನಿ ಡಂಕನ್ ಅವರ ಹಾಡುಗಳಲ್ಲಿ ಒಂದು ಹೆಣ್ಣು ದನಿ ಮೇಲೆ ಬಂದು ಒಂದೆರಡು ಸಾಲು ಹಾಡಿ ಮರೆಯಾಗುತ್ತಿತ್ತು. ಹೆಸರು ಎಲ್ಲಿಯೂ ಇರಲಿಲ್ಲ. ಕೇಳುಗರು ಕೇಳಿ ಕೇಳಿ ಕೊನೆಗೆ ಹೊರಬಂದ ಹೆಸರು ಜೇನಿ ಫ್ರಿಕಿ. ಜಾಹೀರಾತಿನ ಜಿಂಗಲ್‌ಗಳನ್ನೂ ಬೇರೆಯವರ ಹಾಡುಗಳಿಗೆ ಹಿನ್ನೆಲೆಯನ್ನೂ ಹಾಡಿ ಬದುಕುತ್ತಿದ್ದ ಆಕೆ 1982 ಮತ್ತು 1983ರಲ್ಲಿ ಕಂಟ್ರಿ ಮ್ಯೂಸಿಕ್ ಅಸೋಸಿಯೇಷನ್ನಿನ ವರ್ಷದ ಗಾಯಕಿಯಾದರು.

ಈ ಎರಡು ಪ್ರಸಂಗಗಳಲ್ಲಿ ನನ್ನನ್ನು ಕಾಡುವುದು ಆ ಇಬ್ಬರ ಯಶಸ್ಸಲ್ಲ. ಯಾರೂ ಹೇಳಿಕೊಡದೆಯೇ ಕೇಳುಗರ ಕಿವಿ ಆ ದನಿಯನ್ನು ಗುರುತಿಸಿತ್ತು, ಬೇಕೆಂದು ಕೇಳಿತ್ತು. ಹಾಗಿದ್ದರೂ ಕಂಪನಿಗಳು ಹೆಸರು ಅಚ್ಚು ಹಾಕಲಿಲ್ಲ. ಕಂಟ್ರಿ ಸಂಗೀತದ ಚರಿತ್ರೆಯಲ್ಲಿ ಇಷ್ಟು ಹಳೆಯದಾದ, ಇಷ್ಟು ಸುಲಭವಾಗಿ ಸರಿಪಡಿಸಬಹುದಾದ ಅನ್ಯಾಯ ಇನ್ನೊಂದಿಲ್ಲ ಎಂದು ನಾನು ನಂಬಿದ್ದೇನೆ.

ನಮ್ಮ ಸಂಗೀತದಲ್ಲಿ ಹೀಗೆ ಜೊತೆಯಲ್ಲಿ ಬೇರೆ ಸ್ವರ ಹಿಡಿದು ಹಾಡುವ ಕೆಲಸಕ್ಕೆ, ಅಂದರೆ ಹಾರ್ಮನಿಗೆ, ಸರಿಸಮನಾದದ್ದು ಇಲ್ಲವಾದ್ದರಿಂದ ಸ್ವಲ್ಪ ಬಿಡಿಸಿ ಹೇಳಬೇಕು. ಕಛೇರಿಯಲ್ಲಿ ಹಿಂದೆ ಕುಳಿತು ದನಿಗೂಡಿಸುವ ಶಿಷ್ಯರು ಗುರುವಿನ ಸ್ವರವನ್ನೇ ಹಿಡಿಯುತ್ತಾರೆ. ಹಾರ್ಮನಿ ಹಾಡುವವರು ಹಾಗಲ್ಲ. ಮುಖ್ಯ ಗಾಯಕ ಷಡ್ಜದಲ್ಲಿ ನಿಂತರೆ ಇವರು ಗಾಂಧಾರದಲ್ಲೋ ಪಂಚಮದಲ್ಲೋ ನಿಲ್ಲಬೇಕು. ಅದೇ ಮಾತು, ಅದೇ ಉಸಿರು, ಅದೇ ಎಳೆತ, ಸ್ವರ ಮಾತ್ರ ಬೇರೆ. ಮುಖ್ಯ ಗಾಯಕ ಪದದ ಕೊನೆಯನ್ನು ಎಲ್ಲಿ ಮುರಿಯುತ್ತಾನೆ ಎಂಬುದನ್ನು ಅವನು ಮುರಿಯುವ ಮೊದಲೇ ಬಲ್ಲವರಾಗಿರಬೇಕು. ಅಲಬಾಮಾದ ಲೌವಿನ್ ಸಹೋದರರಿಗೆ ಇದು ಊರಿನ ಚರ್ಚಿನ ಹಾಡುಗಾರಿಕೆಯಿಂದ ಬಂದಿತ್ತು. ಚಾರ್ಲಿ ಮತ್ತು ಐರಾ ಹಾಡಿನ ನಡುವೆಯೇ ಸ್ವರಗಳನ್ನು ಅದಲು ಬದಲು ಮಾಡಿಕೊಳ್ಳುತ್ತಿದ್ದರು. ಎಷ್ಟು ಕಿವಿಗೊಟ್ಟರೂ ಯಾವ ಕ್ಷಣದಲ್ಲಿ ಬದಲಾಯಿಸಿದರೆಂದು ಹಿಡಿಯುವುದು ಕಷ್ಟ. ಒಡಹುಟ್ಟಿದವರಾದ್ದರಿಂದ ಇಬ್ಬರ ಹೆಸರೂ ರೆಕಾರ್ಡಿನ ಮೇಲೆ ಉಳಿಯಿತು.

ಆ ಭಾಗ್ಯವಿಲ್ಲದವರು ಕಂಟ್ರಿ ರೆಕಾರ್ಡುಗಳ ಕೇಂದ್ರವಾದ ನ್ಯಾಶ್‌ವಿಲ್‌ನ ಸ್ಟುಡಿಯೊ ಗಾಯಕರು. 1950ರ ದಶಕದ ಕೊನೆಯಲ್ಲಿ ರಾಕ್ ಅಂಡ್ ರೋಲ್ ಅಬ್ಬರಕ್ಕೆ ಕಂಟ್ರಿ ಮಾರಾಟ ಕುಸಿದಾಗ ಆರ್‌ಸಿಎ ಕಂಪನಿಯ ನಿರ್ಮಾಪಕ ಚೆಟ್ ಆಟ್ಕಿನ್ಸ್ ಮತ್ತು ಡೆಕ್ಕಾ ಕಂಪನಿಯ ನಿರ್ಮಾಪಕ ಓವೆನ್ ಬ್ರಾಡ್ಲಿ ಪಿಟೀಲು, ಸ್ಟೀಲ್ ಗಿಟಾರುಗಳನ್ನು ಹಿಂದಕ್ಕೆ ಸರಿಸಿ ಆ ಜಾಗಕ್ಕೆ ಮನುಷ್ಯರ ದನಿಯನ್ನು ತಂದರು. ಆ ದನಿಗಳೆಂದರೆ ಮುಖ್ಯವಾಗಿ ಎರಡು ತಂಡ. ಒಂದು ಜೋರ್ಡನೇರ್ಸ್: ಗಾರ್ಡನ್ ಸ್ಟೋಕರ್, ನೀಲ್ ಮ್ಯಾಥ್ಯೂಸ್, ಹಾಯ್ಟ್ ಹಾಕಿನ್ಸ್, ಮತ್ತು 1958ರಿಂದ ಮಂದ್ರದಲ್ಲಿ ರೇ ವಾಕರ್. ಇನ್ನೊಂದು ಅನಿತಾ ಕೆರ್ ತಂಡ: ಅನಿತಾ, ಡಾಟಿ ಡಿಲ್ಲಾರ್ಡ್, ಗಿಲ್ ರೈಟ್, ಲೂಯಿ ನನ್ಲಿ. ಮಂಗಳೂರು, ಬೆಂಗಳೂರಿನ ಎಷ್ಟೋ ಕ್ರೈಸ್ತ ಮನೆಗಳಲ್ಲಿ ಇಂದಿಗೂ ಪ್ರೀತಿಯಿಂದ ಕೇಳುವ ಜಿಮ್ ರೀವ್ಸ್ ಅವರ 1959ರ 'ಹೀ ವಿಲ್ ಹ್ಯಾವ್ ಟು ಗೋ' ಹಾಡಿನ ಹಿಂದೆ ಇರುವುದು ಅನಿತಾ ಕೆರ್ ತಂಡ. ಅದಕ್ಕೂ ಎರಡು ವರ್ಷ ಮೊದಲಿನ 'ಫೋರ್ ವಾಲ್ಸ್' ಹಿಂದೆ ಇರುವುದು ಜೋರ್ಡನೇರ್ಸ್. ರೀವ್ಸ್ ಮೈಕಿಗೆ ತೀರಾ ಹತ್ತಿರ ನಿಂತು ಪಿಸುಮಾತಿನಂತೆ ಹಾಡಲು ಸಾಧ್ಯವಾದದ್ದು, ಹಿಂದಿನ ಖಾಲಿ ಜಾಗವನ್ನು ಆ ಗಾಯಕರು ಅಷ್ಟು ಮೆಲ್ಲಗೆ ತುಂಬಿದ್ದರಿಂದ.

ಅವರ ಕೆಲಸದ ವೇಗವನ್ನು ನೆನೆದರೆ ಬೆರಗಾಗುತ್ತದೆ. ಮೂರು ಗಂಟೆಯ ಒಂದು ಸೆಷನ್ನಿನಲ್ಲಿ ಮೂರು ನಾಲ್ಕು ಹಾಡು ಮುಗಿಯಬೇಕು. ಅದು ಮುಗಿಯುತ್ತಲೇ ಇನ್ನೊಂದು ಸ್ಟುಡಿಯೊ, ಇನ್ನೊಬ್ಬ ತಾರೆ. ಎದುರಿಗೆ ಬರೆದಿಟ್ಟ ಸಂಗೀತವಿಲ್ಲ. ಹಾಡನ್ನು ಒಮ್ಮೆ ಕೇಳಿ ಅಲ್ಲೇ ಕಟ್ಟಬೇಕು. ಇದಕ್ಕಾಗಿಯೇ ನೀಲ್ ಮ್ಯಾಥ್ಯೂಸ್ ಸ್ವರಮೇಳಗಳನ್ನು (ಕಾರ್ಡ್‌ಗಳನ್ನು) ಅಕ್ಷರಗಳ ಬದಲು 1, 4, 5 ಎಂದು ಅಂಕಿಗಳಲ್ಲಿ ಬರೆದುಕೊಳ್ಳುವ ಪದ್ಧತಿ ರೂಪಿಸಿದರು. ಗಾಯಕ ಕೊನೆಯ ಗಳಿಗೆಯಲ್ಲಿ ಶ್ರುತಿ ಬದಲಾಯಿಸಿದರೂ ಹಾಳೆ ಬದಲಾಯಿಸಬೇಕಿಲ್ಲ. ಚಾರ್ಲಿ ಮೆಕಾಯ್ ಮುಂತಾದ ವಾದಕರು ಅದನ್ನೇ ಮುಂದೆ ಬೆಳೆಸಿದರು. ಇಂದಿಗೂ ನ್ಯಾಶ್‌ವಿಲ್‌ನ ವಾದಕರು ಓದುವುದು ಈ ಅಂಕಿಗಳನ್ನೇ. ಒಂದು ಊರಿನ ಇಡೀ ಸಂಗೀತ ಉದ್ಯಮಕ್ಕೆ ಲಿಪಿ ಕೊಟ್ಟವನು ಹಿನ್ನೆಲೆ ಗಾಯಕ!

ಈ ಕೋರಸ್ ಬಂದು ಕಂಟ್ರಿಯ ಕಸುವನ್ನೇ ಕೆಡಿಸಿತು ಎನ್ನುವವರಿದ್ದಾರೆ. ಕೆಲವು ಹಾಡುಗಳಲ್ಲಿ ಆ ಮಾತು ನಿಜ. ದುಃಖದ ಮೇಲೆ ಸಕ್ಕರೆ ಸುರಿದಂತೆ ಕೇಳಿಸುವ ರೆಕಾರ್ಡುಗಳು ಬೇಕಾದಷ್ಟಿವೆ. ಗಾಯಕಿ ಪ್ಯಾಟ್ಸಿ ಕ್ಲೈನ್ ಅವರಿಗೂ ಜೋರ್ಡನೇರ್ಸ್‌ನ ನಾಲ್ವರು ಗಂಡಸರು ತಮ್ಮ ದನಿಯನ್ನು ಮುಳುಗಿಸಿಬಿಡುತ್ತಾರೆ ಎಂಬ ಆತಂಕವಿತ್ತು. ಆದರೆ 1960ರ ನವೆಂಬರಿನಲ್ಲಿ ಧ್ವನಿಮುದ್ರಣವಾದ 'ಐ ಫಾಲ್ ಟು ಪೀಸಸ್' ಕೇಳಿ ನೋಡಿ. ಆ ನಾಲ್ವರು ಎಲ್ಲಿಯೂ ಆಕೆಯನ್ನು ತಳ್ಳುವುದಿಲ್ಲ.

ಮಿಲ್ಲಿ ಕಿರ್ಕಮ್ ಅವರನ್ನು ಹೇಳದೆ ಮುಂದೆ ಹೋಗಲಾರೆ. ಫರ್ಲಿನ್ ಹಸ್ಕಿ ಅವರ 'ಗಾನ್' ಹಾಡಿನಲ್ಲಿ ತಾರದಲ್ಲಿ ತೇಲುವ ಆ ಸೊಪ್ರಾನೊ ದನಿ ಇವರದು. ಅದನ್ನು ಕೇಳಿದ ಎಲ್ವಿಸ್ ಪ್ರೀಸ್ಲಿ ಈಕೆಯನ್ನೇ ಕರೆಸಿ ಎಂದರು. ಬಸುರಿಯಾಗಿದ್ದ ಮಿಲ್ಲಿ 1957ರಲ್ಲಿ ಹಾಲಿವುಡ್ಡಿಗೆ ಹೋಗಿ 'ಬ್ಲೂ ಕ್ರಿಸ್‌ಮಸ್'ನಲ್ಲಿ ಹಾಡಿದರು. 1980ರಲ್ಲಿ ಜಾರ್ಜ್ ಜೋನ್ಸ್ ಅವರ 'ಹೀ ಸ್ಟಾಪ್ಡ್ ಲವಿಂಗ್ ಹರ್ ಟುಡೇ' ಬಂತು. ಕಂಟ್ರಿಯ ಅತ್ಯುತ್ತಮ ಹಾಡು ಯಾವುದೆಂದರೆ ಬಹಳ ಜನ ಬೆರಳು ತೋರಿಸುವುದು ಇದರ ಕಡೆಗೆ. ಜೋನ್ಸ್ ಹಾಡು ನಿಲ್ಲಿಸಿ ಮಾತಿಗಿಳಿಯುವಾಗ ಹಿಂದಿನಿಂದ ಏಳುವ ಹೆಣ್ಣಿನ ಆಲಾಪವೂ ಮಿಲ್ಲಿ ಅವರದೇ. ಅದನ್ನು ತೆಗೆದುಬಿಟ್ಟರೆ ಆ ಹಾಡಿನ ಸಾವು ಅಷ್ಟು ಹತ್ತಿರ ಬರುವುದಿಲ್ಲ. ಒಬ್ಬ ಗಾಯಕಿ ಎರಡು ದಶಕ ದಾಟಿ ಮೂರು ಅಮರ ರೆಕಾರ್ಡುಗಳಲ್ಲಿ ಇದ್ದಾರೆ, ಹೆಸರು ಬಲ್ಲವರು ಎಷ್ಟು ಮಂದಿ?

ಕ್ಯಾಲಿಫೋರ್ನಿಯಾದ ಬೇಕರ್ಸ್‌ಫೀಲ್ಡ್ ಊರಿನವರು ನ್ಯಾಶ್‌ವಿಲ್‌ನ ಈ ನಯಕ್ಕೆ ಬೆನ್ನು ತಿರುಗಿಸಿದರು. ಅಲ್ಲಿ ಕೋರಸ್ ಇಲ್ಲ, ಇನ್ನೊಬ್ಬ ಮನುಷ್ಯ ಮಾತ್ರ. ಗಾಯಕ ಬಕ್ ಓವೆನ್ಸ್ ಅವರ ಪಕ್ಕದಲ್ಲಿ ಡಾನ್ ರಿಚ್. ಪಿಟೀಲು ನುಡಿಸಲು ಬಂದವರು ಆಮೇಲೆ ಟೆಲಿಕ್ಯಾಸ್ಟರ್ ಗಿಟಾರ್ ಹಿಡಿದರು, ಎಲ್ಲಕ್ಕಿಂತ ಮಿಗಿಲಾಗಿ ಬಕ್ ದನಿಯ ಮೇಲಿನ ದನಿಯಾದರು. 1963ರ 'ಆ್ಯಕ್ಟ್ ನ್ಯಾಚುರಲಿ'ಯಿಂದ ಮುಂದಿನ ಹತ್ತು ವರ್ಷ ಬಕ್ ಓವೆನ್ಸ್ ಎಂದು ಜಗತ್ತು ಗುರುತಿಸಿದ ಶಬ್ದ ಈ ಇಬ್ಬರದು. 1974ರ ಜುಲೈಯಲ್ಲಿ ಮೋಟಾರ್ ಸೈಕಲ್ ಅಪಘಾತದಲ್ಲಿ ಡಾನ್ ತೀರಿಕೊಂಡಾಗ ವಯಸ್ಸು 32. ತಮ್ಮ ಸಂಗೀತದ ಬದುಕು ಅಂದೇ ಮುಗಿಯಿತು ಎಂಬ ಅರ್ಥದಲ್ಲಿ ಬಕ್ ಆ ಮೇಲೆ ಹೇಳಿಕೊಂಡರು. ಅನಂತರದ ಅವರ ರೆಕಾರ್ಡುಗಳನ್ನು ಕೇಳಿದವರಿಗೆ ಅದು ಉತ್ಪ್ರೇಕ್ಷೆ ಅನ್ನಿಸುವುದಿಲ್ಲ.

ಅದೇ ಊರಿನ ಗಾಯಕಿ ಬಾನಿ ಓವೆನ್ಸ್ ಮೊದಲು ಬಕ್ ಅವರ ಹೆಂಡತಿ, 1965ರಲ್ಲಿ ಗಾಯಕ ಮರ್ಲ್ ಹ್ಯಾಗರ್ಡ್ ಅವರನ್ನು ಮದುವೆಯಾದರು. ಬಾನಿ ಅವರ ಬಗ್ಗೆ ಬರೆಯುವವರು ಮೊದಲು ಬರೆಯುವುದು ಈ ಎರಡು ಮದುವೆಗಳನ್ನೇ. ನನಗೆ ಅದು ಬೇಸರ ತರಿಸುತ್ತದೆ. ಹ್ಯಾಗರ್ಡ್ ಹಾಡುಗಳಿಗೆ ವರ್ಷಗಟ್ಟಲೆ ಜೊತೆದನಿಯಾದವರು, ಅವರ ಬಾಯಿಂದ ಬಂದ ಸಾಲುಗಳನ್ನು ಬರೆದಿಟ್ಟುಕೊಂಡವರು, ವಿಚ್ಛೇದನದ ನಂತರವೂ ಅದೇ ವೇದಿಕೆಯಲ್ಲಿ ನಿಂತು ಹಾಡಿದವರು ಅವರು.

ಕೆಲಸಕ್ಕೆ ಕೂಲಿ ಸಿಕ್ಕಿತಲ್ಲ, ಹೆಸರೇಕೆ ಬೇಕು ಎಂದು ಕೇಳುವವರಿಗೆ ನನ್ನ ಉತ್ತರ ಇಷ್ಟೇ. ಎಲ್ವಿಸ್ ಅವರ ರೆಕಾರ್ಡುಗಳ ಮೇಲೆ ಜೋರ್ಡನೇರ್ಸ್ ಹೆಸರು ಅಚ್ಚಾಗಿತ್ತು. ಅದರಿಂದ ಎಲ್ವಿಸ್ ಅವರಿಗೆ ಏನೂ ಕಡಿಮೆಯಾಗಲಿಲ್ಲ. ಗಾಯಕ ಗ್ರ್ಯಾಮ್ ಪಾರ್ಸನ್ಸ್ 1973ರಲ್ಲಿ ತೀರಿಕೊಂಡ ಮೇಲೆ ಬಂದ ಅವರ ಕೊನೆಯ ಆಲ್ಬಮ್ಮಿನ ಮುಖಪುಟದಿಂದ, ಅವರಿಗೆ ಜೊತೆದನಿಯಾಗಿದ್ದ ಎಮ್ಮಿಲೂ ಹ್ಯಾರಿಸ್ ಅವರ ಚಿತ್ರವನ್ನು ತೆಗೆದುಹಾಕಲಾಯಿತು. ಆ ಆಲ್ಬಮ್ಮಿನ ಉದ್ದಕ್ಕೂ ಆಕೆಯ ದನಿ ಇದೆ. ಅದನ್ನು ತೆಗೆಯಲು ಯಾರಿಗೂ ಆಗಲಿಲ್ಲ.

ಈಗ ಮೊಬೈಲಿನಲ್ಲಿ ಹಾಡು ಕೇಳಿಸುವ ಕಂಪನಿಗಳು ಎಷ್ಟೋ ಹಳೆಯ ಹಾಡುಗಳ ಕೆಳಗೆ ಗಾಯಕ, ಬರೆದವರು, ನಿರ್ಮಾಪಕರು ಎಂದಷ್ಟೇ ತೋರಿಸಿ ಸುಮ್ಮನಾಗುತ್ತವೆ. ಇನ್ನೊಂದು ಸಾಲು ಸೇರಿಸಲು ಕಾಗದವೂ ಬೇಡ, ಮಸಿಯೂ ಬೇಡ. ಅವರು ಸೇರಿಸುವವರೆಗೆ ನಾವೇ ಬರೆಯೋಣ. 'ಆ್ಯಕ್ಟ್ ನ್ಯಾಚುರಲಿ'ಯನ್ನು ಹಂಚಿಕೊಳ್ಳುವವರು ಬಕ್ ಓವೆನ್ಸ್, ಡಾನ್ ರಿಚ್ ಎಂದು ಎರಡೂ ಹೆಸರು ಹಾಕಿ.