ಕೇಕಿನ ಮೇಲಿಟ್ಟಿದ್ದೆಲ್ಲ ಹೊಟ್ಟೆಗೆ ಹೋಗಬೇಕು

ಮನೆಯಲ್ಲಿ ಕೇಕ್ ಮಾಡುವವರಲ್ಲಿ ನಾನೂ ಒಬ್ಬಳು. ವ್ಯಾಪಾರಕ್ಕಲ್ಲ. ಮಕ್ಕಳ ಹುಟ್ಟುಹಬ್ಬ, ನಾದಿನಿಯ ಮಗುವಿನ ನಾಮಕರಣ, ಮಾವನವರ ಷಷ್ಟಿಪೂರ್ತಿ, ಇಂಥವಕ್ಕೆ. (ಷಷ್ಟಿಪೂರ್ತಿಗೂ ಕೇಕಾ ಅಂತ ಹುಬ್ಬೇರಿಸಬೇಡಿ. ಹೋಮ ಬೆಳಿಗ್ಗೆ, ಕೇಕ್ ಸಾಯಂಕಾಲ. ಎರಡಕ್ಕೂ ತೊಂದರೆ ಆಗಿಲ್ಲ.) ಈ ವಿಷಯದಲ್ಲಿ ನನ್ನದು ಒಂದೇ ಹಠ: ಕೇಕಿನ ಮೇಲೆ ಏನಿಟ್ಟರೂ ಅದು ತಿನ್ನುವಂಥದ್ದಾಗಿರಬೇಕು. ತಿನ್ನಬಹುದು ಅಂತ ಡಬ್ಬಿ ಮೇಲೆ ಅಚ್ಚು ಹಾಕಿದ್ದರೆ ಸಾಲದು, ಮಕ್ಕಳು ಕಿತ್ತು ಬಾಯಿಗೆ ಹಾಕಿಕೊಂಡು ಇನ್ನೊಂದು ಕೇಳಬೇಕು.

ಈಗಿನ ಹುಟ್ಟುಹಬ್ಬಗಳಲ್ಲಿ ನಡೆಯೋದನ್ನು ನೀವೂ ನೋಡಿರ್ತೀರಿ. ಎರಡು ಅಂತಸ್ತಿನ ಕೇಕ್ ಬರುತ್ತೆ, ಫೋಟೋ ಆಗುತ್ತೆ. ಕತ್ತರಿಸೋ ಮೊದಲು ಮಗುವಿನ ಅಮ್ಮ ಒಂದೊಂದನ್ನೇ ಕೀಳ್ತಾ ನಿಲ್ತಾಳೆ: ಹೆಸರು ಬರೆದ ಅಕ್ರಿಲಿಕ್ ಪಟ್ಟಿ, ಪ್ಲಾಸ್ಟಿಕ್ ಚಿಟ್ಟೆ, ತಂತಿ ಸುತ್ತಿದ ಹೂವು, ಹಲ್ಲಿಗೆ ಸವಾಲು ಹಾಕೋ ಬೆಳ್ಳಿ ಗುಂಡು, ಕೊನೆಗೆ ಫಾಂಡೆಂಟ್ ಅನ್ನೋ ಸಕ್ಕರೆ ಹಿಟ್ಟಿನಲ್ಲಿ ಮಾಡಿದ ಯೂನಿಕಾರ್ನ್ (ಒಂಟಿ ಕೊಂಬಿನ ಕುದುರೆ). ಯೂನಿಕಾರ್ನ್ ಫ್ರಿಜ್ ಸೇರುತ್ತೆ, ಯಾರೂ ತಿನ್ನಲ್ಲ, ಎಸೆಯೋಕೂ ಮನಸ್ಸು ಬರಲ್ಲ. ಅಷ್ಟರಲ್ಲಿ ಯಾವನೋ ಚಿಕ್ಕಪ್ಪ ಹಿಂದಿನಿಂದ ಸ್ನೋ ಸ್ಪ್ರೇ ಹೊಡೆದಿರ್ತಾನೆ. ಅದರಲ್ಲಿರೋ ಅನಿಲ ಬೆಂಕಿ ಹತ್ತಿಕೊಳ್ಳುವಂಥದ್ದು, ಎದುರಿಗೆ ಮೇಣದಬತ್ತಿ ಉರೀತಿದೆ, ಮಗು ನಡುವೆ ನಿಂತಿದೆ. ಆ ನೊರೆ ಬಿದ್ದ ಕೇಕನ್ನೇ ಪೇಪರ್ ತಟ್ಟೆಯಲ್ಲಿ ಹಂಚ್ತಾರೆ.

ನೋಡೋಕೇ ಅಂತ ಮಾಡೋ ಸಕ್ಕರೆ ಕೆಲಸದ ಮೇಲೆ ನನಗೆ ಸಿಟ್ಟಿಲ್ಲ. ಬೆಂಗಳೂರಿನಲ್ಲಿ ಪ್ರತಿ ಡಿಸೆಂಬರ್‌ನಲ್ಲಿ ಕೇಕ್ ಪ್ರದರ್ಶನ ನಡೆಯುತ್ತಲ್ಲ, 2024ರಲ್ಲಿ ಅದಕ್ಕೆ 50ನೇ ವರ್ಷ. ಅರಮನೆ ಮೈದಾನಕ್ಕೆ ಹೋಗಿ, ಟಿಕೆಟ್ ಕೊಟ್ಟು, ಸಕ್ಕರೆಯಲ್ಲಿ ಎಬ್ಬಿಸಿದ ಗೋಪುರಗಳನ್ನು ಬಾಯಿ ಬಿಟ್ಟುಕೊಂಡು ನೋಡಿದವಳೇ ನಾನು. ಅಲ್ಲಿ ಯಾರೂ ಚಾಕು ಹಿಡಿದು ಬರಲ್ಲ. ಮನೆಯ ಕೇಕಿಗೆ ಆ ಮೈದಾನದ ಕೆಲಸ ಹೊರಿಸಿದಾಗಲೇ ಎಡವಟ್ಟು ಶುರುವಾಗೋದು.

ಫಾಂಡೆಂಟ್ ಅಂದರೆ ಐಸಿಂಗ್ ಸಕ್ಕರೆ, ಗ್ಲೂಕೋಸ್, ಗ್ಲಿಸರಿನ್, ಒಂದಿಷ್ಟು ಕೊಬ್ಬು, ಹಿಗ್ಗೋ ಗುಣ ಬರಲಿ ಅಂತ ಗೋಂದು ಅಥವಾ ಜೆಲಟಿನ್. ಚಪಾತಿ ಹಿಟ್ಟಿನ ಹಾಗೆ ಲಟ್ಟಿಸಿ ಕೇಕಿಗೆ ಹೊದಿಸ್ತಾರೆ. ಬಾಯಿಗೆ ಸಿಗೋದು ಬರೀ ಸಿಹಿ. ಇನ್ನೊಂದು ತಮಾಷೆ ಕೇಳಿ. "ಮೊಟ್ಟೆ ಹಾಕಿಲ್ಲ ತಾನೇ?" ಅಂತ ನಮ್ಮತ್ತೆ ಕೇಕ್ ಕೈಗೆ ಬರೋವರೆಗೆ ಕೇಳ್ತಾನೇ ಇರ್ತಾರೆ. ಜೆಲಟಿನ್ ತಯಾರಾಗೋದು ಪ್ರಾಣಿಗಳ ಚರ್ಮ, ಮೂಳೆಯಿಂದ. ಮೊಟ್ಟೆ ಕೇಳೋ ಮನೆಯವರು ಗೊಂಬೆಯ ಕಡೆ ತಿರುಗಿಯೂ ನೋಡಲ್ಲ. ಜೆಲಟಿನ್ ಇಲ್ಲದ ಫಾಂಡೆಂಟ್ ಸಿಗುತ್ತೆ, ಪೊಟ್ಟಣ ತಿರುಗಿಸಿ ಹಸಿರು ಚುಕ್ಕಿ ಹುಡುಕಿ. ಸಿಕ್ಕಿದರೂ ಮಳೆಗಾಲದಲ್ಲಿ ಮಂಗಳೂರಿನ ಕಡೆ ಅದು ಬೆವರುತ್ತೆ. ಫ್ರಿಜ್‌ನಿಂದ ತೆಗೆದ ಕೂಡಲೇ ನೀರು ಹನಿದು, ಯೂನಿಕಾರ್ನ್ ಕಣ್ಣಿನ ಕಪ್ಪು ಕೆನ್ನೆಗೆ ಇಳಿಯುತ್ತೆ.

ಹಾಗಾದರೆ ಕ್ರೀಮ್? ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ಹೊರಗಿನ ಕೇಕುಗಳ ಮೇಲೆ ಬೆಳ್ಳಗೆ, ಎತ್ತರಕ್ಕೆ, ಅಲುಗಾಡದೆ ನಿಂತಿರುತ್ತಲ್ಲ, ಬಹಳ ಕಡೆ ಅದು ಹಾಲಿನ ಕೆನೆಯೇ ಅಲ್ಲ. ಸಸ್ಯಜನ್ಯ ಕೊಬ್ಬು, ನೀರು, ಸಕ್ಕರೆ, ಅದನ್ನು ನಿಲ್ಲಿಸೋಕೆ ಒಂದಿಷ್ಟು ಅಂಟು. ತಿಂದ ಮೇಲೆ ಅಂಗುಳಕ್ಕೆ ಮೇಣ ಬಳಿದ ಅನುಭವ ಆಗುತ್ತಲ್ಲ, ಆ ಕೊಬ್ಬು ಬಾಯಿಯ ಬಿಸಿಗೆ ಪೂರ್ತಿ ಕರಗದೇ ಇರೋದರಿಂದ. ಕಾನೂನುಬದ್ಧವೇ. 2022ರಿಂದ ನಮ್ಮ ದೇಶದಲ್ಲಿ ಎಣ್ಣೆ-ಕೊಬ್ಬುಗಳಲ್ಲಿ ಹೃದಯಕ್ಕೆ ಕೆಡುಕಾದ ಟ್ರಾನ್ಸ್ ಫ್ಯಾಟ್ ಶೇ. 2 ಮೀರಬಾರದು ಅಂತ ನಿಯಮ ಬಂದ ಮೇಲೆ ಮೊದಲಿನಷ್ಟು ಹೆದರಿಕೆಯೂ ಇಲ್ಲ. ಆದರೆ ರುಚಿ? ಮನೆಯಲ್ಲಿ ಇಷ್ಟೆಲ್ಲ ಒದ್ದಾಡಿ ಕೇಕ್ ಬೇಯಿಸಿ, ಅದರ ತಲೆ ಮೇಲೆ ಅದನ್ನೇ ಸುರಿಯೋದಾದರೆ ಅಂಗಡಿಯಿಂದಲೇ ತರಬಹುದಿತ್ತು.

ಹಾಲಿನ ಕೆನೆಯಲ್ಲೂ ಒಂದು ಲೆಕ್ಕ ಇದೆ. ಗ್ರೇವಿಗೆ ಹಾಕೋ ಫ್ರೆಶ್ ಕ್ರೀಮ್ ಪೊಟ್ಟಣದಲ್ಲಿ ಕೊಬ್ಬು ಶೇ. 25ರಷ್ಟು, ಎಷ್ಟು ಕಡೆದರೂ ಗಟ್ಟಿಯಾಗಿ ನಿಲ್ಲಲ್ಲ. ನಿಲ್ಲಬೇಕಾದರೆ ಶೇ. 35ರ ಆಸುಪಾಸು ಬೇಕು, ಪಾತ್ರೆ ಐಸ್ ಮೇಲಿರಬೇಕು. ನಾನಿರೋದು ದಾವಣಗೆರೆಯಲ್ಲಿ. ಮೇ ತಿಂಗಳಲ್ಲಿ ನಮ್ಮ ಅಡುಗೆಮನೆಯಲ್ಲಿ ಐಸೇ ನಿಲ್ಲಲ್ಲ.

ಬೆಣ್ಣೆ ಊರಿನವಳಾಗಿ ಬೆಣ್ಣೆ ಕ್ರೀಮ್ ಬಗ್ಗೆ ಹೇಳದಿದ್ದರೆ ಹೇಗೆ. ದೋಸೆ ಮೇಲೆ ಬೀಳೋ ನಮ್ಮ ಬಿಳಿ ಬೆಣ್ಣೆಯನ್ನು ನೇರವಾಗಿ ಕೇಕಿಗೆ ಬಳಸಬೇಡಿ. ಮಜ್ಜಿಗೆ ಹುಳಿ, ನೀರಿನಂಶ ಎರಡೂ ಅದರಲ್ಲಿ ಉಳಿದಿರುತ್ತೆ, ಕ್ರೀಮ್ ಒಡೆದು ಕಾಳುಕಾಳಾಗುತ್ತೆ. ತಣ್ಣೀರಲ್ಲಿ ಚೆನ್ನಾಗಿ ತೊಳೆದು, ಹಿಂಡಿ, ನೀರು ಪೂರ್ತಿ ಹೋದ ಮೇಲೆ ಬಳಸಬಹುದು. ಅಷ್ಟು ತಾಳ್ಮೆ ಇಲ್ಲದವರಿಗೆ ಅಂಗಡಿಯ ಉಪ್ಪಿಲ್ಲದ ಬೆಣ್ಣೆ ಸಾಕು, ಅದರಲ್ಲಿ ಕೊಬ್ಬು ಸಾಮಾನ್ಯವಾಗಿ ಶೇ. 80ರ ಆಸುಪಾಸು ಇರುತ್ತೆ. ನಮ್ಮ ಮನೆಯಲ್ಲಿ ಎಲ್ಲರಿಗೂ ಒಗ್ಗಿದ್ದು ಮೊಟ್ಟೆಯಿಲ್ಲದ ಹಳೇ ವಿಧಾನ: ಒಂದು ಲೋಟ ಹಾಲಿಗೆ ಐದು ದೊಡ್ಡ ಚಮಚ ಮೈದಾ ಕದಡಿ, ಸಣ್ಣ ಉರಿಯಲ್ಲಿ ಗಟ್ಟಿ ಗಂಜಿಯ ಹದಕ್ಕೆ ಬರೋವರೆಗೆ ತಿರುವಿ, ಪೂರ್ತಿ ಆರಿಸಿ. ಪೂರ್ತಿ ಅಂದರೆ ಪೂರ್ತಿ. ಸುಮಾರು 225 ಗ್ರಾಂ ಬೆಣ್ಣೆ, 200 ಗ್ರಾಂ ಪುಡಿ ಸಕ್ಕರೆಯನ್ನು ಹಗುರಾಗೋವರೆಗೆ ಕಡೆದು, ಈ ಗಂಜಿಯನ್ನು ಚಮಚ ಚಮಚವಾಗಿ ಸೇರಿಸ್ತಾ ಹೋಗಿ. ಬರೀ ಬೆಣ್ಣೆ-ಸಕ್ಕರೆ ಕ್ರೀಮಿಗೆ ಬೆಣ್ಣೆಯ ಎರಡರಷ್ಟು ಸಕ್ಕರೆ ಬೇಕು, ಇದಕ್ಕೆ ಅದರ ಅರ್ಧವೂ ಬೇಡ. ಸಕ್ಕರೆ ಕಾಯಿಲೆಯ ಮಾವನವರೂ ಒಂದು ಚೂರು ತಗೊಂಡು "ಪರವಾಗಿಲ್ಲ ಕಣಮ್ಮಾ" ಅಂತಾರೆ. ಅವರ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ.

ಬಣ್ಣದ ವಿಷಯಕ್ಕೆ ಬಂದರೆ, 2024ರ ಮಾರ್ಚ್‌ನಲ್ಲಿ ನಮ್ಮ ಸರ್ಕಾರ ಗೋಬಿ ಮಂಚೂರಿ, ಬಾಂಬೆ ಮಿಠಾಯಿಗೆ ಹಾಕೋ ಬಣ್ಣದ ಮೇಲೆ ಕ್ರಮ ತಗೊಂಡಿದ್ದು ನೆನಪಿರಬೇಕು. ಅದೇ ವರ್ಷ ಕೇಕುಗಳ ಸರದಿಯೂ ಬಂತು. ರಾಜ್ಯದ ಆಹಾರ ಸುರಕ್ಷತಾ ಇಲಾಖೆ ಪರೀಕ್ಷಿಸಿದ 235 ಮಾದರಿಗಳಲ್ಲಿ 12 ಅಸುರಕ್ಷಿತ ಅಂತ ವರದಿಯಾಯ್ತು, ರೆಡ್ ವೆಲ್ವೆಟ್, ಬ್ಲ್ಯಾಕ್ ಫಾರೆಸ್ಟ್ ಹೆಸರು ಎಲ್ಲರ ಬಾಯಲ್ಲಿ ಓಡಾಡಿತು. ಉಳಿದ 223 ಸರಿ ಇದ್ದವು ಅನ್ನೋದನ್ನು ವಾಟ್ಸ್ಆ್ಯಪ್‌ನಲ್ಲಿ ಯಾರೂ ಫಾರ್ವರ್ಡ್ ಮಾಡಲಿಲ್ಲ. ಬೇಕರಿಗಳಿಗಿಂತ ನನಗೆ ಹೆಚ್ಚು ಭಯ ಮನೆಗಳದ್ದೇ. ಕೃತಕ ಬಣ್ಣಕ್ಕೆ ನಮ್ಮಲ್ಲಿ ಸಾಮಾನ್ಯವಾಗಿ ಇರೋ ಮಿತಿ ಒಂದು ಕೆ.ಜಿ. ತಿನಿಸಿಗೆ 100 ಮಿಲಿಗ್ರಾಂ. ಶುದ್ಧ ಬಣ್ಣದ ಪುಡಿಯಾದರೆ ಅದು ಒಂದು ಚಿಟಿಕೆಗೂ ಕಡಿಮೆ. ಮನೆಯಲ್ಲಿ ಅದನ್ನು ಯಾರು ತೂಗ್ತಾರೆ? "ಇನ್ನೂ ಸ್ವಲ್ಪ ಕೆಂಪಾಗಲಿ" ಅಂತ ಸೀಸೆ ಬಗ್ಗಿಸ್ತಾನೇ ಹೋಗ್ತಾರೆ.

ಅಡುಗೆಮನೆಯ ಬಣ್ಣಗಳಿಗೂ ಅವುಗಳದೇ ಹಠ ಇದೆ. ಬೀಟ್‌ರೂಟ್ ರಸವನ್ನು ಕೇಕಿನ ಹಿಟ್ಟಿಗೆ ಹಾಕಿದರೆ ಒಲೆಯಿಂದ ಮಣ್ಣಿನ ಬಣ್ಣದಲ್ಲಿ ಹೊರಗೆ ಬರುತ್ತೆ. ಅದೇ ರಸವನ್ನು ಇಂಗಿಸಿ ಕ್ರೀಮಿಗೆ ಬೆರೆಸಿ, ಚಂದದ ಗುಲಾಬಿ ಬಣ್ಣ ನಿಲ್ಲುತ್ತೆ. ಅರಿಶಿನಕ್ಕೆ ಸುಣ್ಣ ಸೇರಿದರೆ ಕೆಂಪಾಗೋದು ಆರತಿ ನೀರು ಕಲಸಿದ ಪ್ರತಿಯೊಬ್ಬರಿಗೂ ಗೊತ್ತು. ಸೋಡಾ ಕೂಡ ಅದೇ ಕೆಲಸ ಮಾಡುತ್ತೆ, ಹಾಗಾಗಿ ಸೋಡಾ ಮುಂದಾದ ಹಿಟ್ಟಿಗೆ ಹಳದಿ ಬರಲಿ ಅಂತ ಅರಿಶಿನ ಹಾಕೋಕೆ ಹೋಗಬೇಡಿ. ಹಳದಿಗೆ ಹಾಲಲ್ಲಿ ನೆನೆಸಿದ ಕೇಸರಿ ಇದೆಯಲ್ಲ. ಶಂಖಪುಷ್ಪದ ಹೂವನ್ನು ಬಿಸಿನೀರಲ್ಲಿ ಬಿಟ್ಟರೆ ನೀಲಿ, ಅದಕ್ಕೆ ನಾಲ್ಕು ಹನಿ ನಿಂಬೆಹಣ್ಣು ಹಿಂಡಿದರೆ ನೇರಳೆ. ಇದನ್ನು ಮಕ್ಕಳ ಕೈಗೇ ಕೊಡಿ, ಯೂನಿಕಾರ್ನ್ ಮರೆತುಹೋಗುತ್ತೆ.

ನಿಜವಾದ ಹೂವು ಚುಚ್ಚೋ ಹೊಸ ಫ್ಯಾಷನ್ ನೋಡಿದರೆ ಮೈ ಉರಿಯುತ್ತೆ. ಮಾರುಕಟ್ಟೆಯ ಗುಲಾಬಿಗೆ ಹೊಡೆದಿರೋ ಔಷಧಿ ತಿನ್ನೋ ಲೆಕ್ಕದಲ್ಲಿ ಹೊಡೆದಿದ್ದಲ್ಲ. ಒಂದು ಫೋಟೋದಲ್ಲಿ ಕೇಕಿನ ಸುತ್ತ ಕಣಗಿಲೆ ಜೋಡಿಸಿದ್ದರು! ಕಣಗಿಲೆ ಗಿಡದ ಬೇರಿಂದ ಹೂವಿನವರೆಗೆ ಪೂರ್ತಿ ವಿಷ. ದೇವರ ತಲೆ ಮೇಲೆ ಇರಬಹುದು, ಕೇಕಿನ ಮೇಲೆ ಬೇಡ. ಬೇಕೇ ಬೇಕು ಅಂದರೆ ನಿಮ್ಮದೇ ಕುಂಡದ, ಔಷಧಿ ಕಾಣದ ಗುಲಾಬಿ ದಳ ಬಳಸಿ. ಮಿರಮಿರ ಪುಡಿಗಳ ಡಬ್ಬಿ ಮೇಲೆ ‘ನಾನ್-ಟಾಕ್ಸಿಕ್’ ಅಂತಷ್ಟೇ ಇದ್ದರೆ ಅದು ಕರಕುಶಲದ ಸಾಮಾನು, ತಿನಿಸಲ್ಲ.

"ಹಾಗಾದರೆ ಕೇಕ್ ಬೋಳಾಗಿರಬೇಕಾ?" ಅಂತ ನನ್ನ ನಾದಿನಿ ಕೇಳ್ತಾಳೆ. ಬೋಳಾಗಿರಲಿ ಅಂತ ಎಲ್ಲಿ ಹೇಳಿದೆ? ತಿನಿಸನ್ನು ಸಿಂಗಾರ ಮಾಡೋದು ನಮಗೆ ಇನ್‌ಸ್ಟಾಗ್ರಾಂ ಕಲಿಸಿದ್ದಲ್ಲ. ಸಂಕ್ರಾಂತಿ ಸಕ್ಕರೆ ಅಚ್ಚು ತಗೊಳ್ಳಿ. ಪಾಕಕ್ಕೆ ಹಾಲು ಹಾಕಿ ಕೊಳೆ ತೆಗೆದು, ಶೋಧಿಸಿ, ಸ್ವಲ್ಪ ಸ್ವಲ್ಪವೇ ಸಣ್ಣ ಪಾತ್ರೆಗೆ ಬಗ್ಗಿಸಿಕೊಂಡು ಮತ್ತೆ ಕುದಿಸಿ, ಸೌಟಿನಲ್ಲಿ ಪಾತ್ರೆಯ ಬದಿಗೆ ಉಜ್ಜಿ ಬೆಳ್ಳಗಾಗೋ ಕ್ಷಣ ನೋಡಿ ಒದ್ದೆ ಮರದ ಅಚ್ಚಿಗೆ ಸುರೀಬೇಕು. ಒಂದು ಗಳಿಗೆ ಮೊದಲಾದರೆ ಗಟ್ಟಿಯಾಗಲ್ಲ, ಒಂದು ಗಳಿಗೆ ತಡವಾದರೆ ಪಾತ್ರೆಯಲ್ಲೇ ಕಲ್ಲು. ಗಿಳಿ, ಆನೆ, ತುಳಸಿಕಟ್ಟೆ, ಮಂಟಪ, ಎಲ್ಲ ಬರುತ್ತೆ, ಎಲ್ಲವನ್ನೂ ತಿಂದು ಮುಗಿಸ್ತೀವಿ. ಉತ್ತರ ಕರ್ನಾಟಕದ ಕುಸುರೆಳ್ಳು ಇನ್ನೂ ಒಂದು ಕೈ ಮೇಲು. ಬೆಚ್ಚಗಿನ ಬಾಣಲೆಯಲ್ಲಿ ಎಳ್ಳಿಗೆ ಪಾಕ ಹನಿಹನಿಯಾಗಿ ಬಿಡ್ತಾ, ಗಂಟೆಗಟ್ಟಲೆ ಕೈಯಾಡಿಸಿದರೆ ಒಂದೊಂದು ಕಾಳಿಗೂ ಬಿಳೀ ಮುಳ್ಳು ಏಳುತ್ತೆ. ಬೆಳಗಾವಿ ಕಡೆ ಅದನ್ನು ಪೋಣಿಸಿ ಮಕ್ಕಳಿಗೆ ಒಡವೆಯೇ ಮಾಡಿ ಹಾಕ್ತಾರೆ. ಹಾಕಿಕೊಂಡು ಆಡಿದ ಮಗುವೇ ಅದನ್ನು ಕಿತ್ತು ತಿನ್ನುತ್ತೆ. ಇದಕ್ಕಿಂತ ಒಳ್ಳೆ ಕೇಕ್ ಟಾಪರ್ ಯಾರಾದರೂ ತೋರಿಸಲಿ ನೋಡೋಣ.

ಹಾಗಾಗಿ ನಾನು ಕೇಕಿನ ಮೇಲೆ ಸಕ್ಕರೆ ಅಚ್ಚಿನ ಗಿಳಿ ಕೂರಿಸ್ತೀನಿ. ಸಂಕ್ರಾಂತಿ ಮುಗಿದ ಮೇಲೆ ನಾಲ್ಕೈದು ಬೇರೆ ಬೇರೆ ಅಚ್ಚು ಗಾಳಿಯಾಡದ ಡಬ್ಬಿಯಲ್ಲಿ ಎತ್ತಿಟ್ಟರೆ ತಿಂಗಳುಗಟ್ಟಲೆ ಕೆಡಲ್ಲ. ಒಂದೇ ಎಚ್ಚರ, ಕ್ರೀಮಿನ ಒದ್ದೆಗೆ ಅಡಿಭಾಗ ಕರಗುತ್ತೆ, ಅದಕ್ಕೇ ಆರತಿ ಎತ್ತೋ ಸ್ವಲ್ಪ ಮೊದಲು ಇಡಬೇಕು. ಅಂಚಿಗೆ ಒಣಕೊಬ್ಬರಿ ತುರಿ, ಹುರಿದ ಗೋಡಂಬಿ, ಚಿಕ್ಕಿ ಪುಡಿ. ಬೆಳ್ಳಿ ರೇಕು (ತೆಳ್ಳನೆಯ ಬೆಳ್ಳಿ ಹಾಳೆ) ಆಸೆ ಇದ್ದವರಿಗೆ ಒಂದು ಮಾತು: ಅದನ್ನು ಬಡಿಯೋಕೆ ಪ್ರಾಣಿಗಳ ಕರುಳು, ಚರ್ಮ ಬಳಸಬಾರದು ಅಂತ 2016ರಲ್ಲಿ ನಿಯಮ ಹೊರಡಿಸಿದ್ದರು.

ಸರಳ ಸಿಂಗಾರದ ಗುರುಗಳು ಬೇಕಾದರೆ ದೂರ ಹೋಗಬೇಡಿ, ಅಯ್ಯಂಗಾರ್ ಬೇಕರಿಯ ಹನಿ ಕೇಕ್ ನೋಡಿ. ಹಾಸನದ ಕಡೆಯಿಂದ ಬಂದ ತಿರುಮಲಾಚಾರ್ 1898ರಲ್ಲಿ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಬಿ.ಬಿ. ಬೇಕರಿ ತೆರೆದಲ್ಲಿಂದ ಈ ಪರಂಪರೆ ಶುರು ಅಂತಾರೆ. ಹನಿ ಕೇಕಿಗೆ ಪಾಕ ಕುಡಿಸಿ, ಮೇಲೆ ಕೆಂಪು ಜಾಮ್ ಬಳಿದು, ಕೊಬ್ಬರಿ ಪುಡಿ ಉದುರಿಸಿ, ಚೌಕಾಕಾರ ಕತ್ತರಿಸ್ತಾರೆ, ಮುಗೀತು. ಅದರಲ್ಲಿ ಬಿಸಾಡೋ ಒಂದು ಚೂರೂ ಇಲ್ಲ. ಜಾಮ್ ಮಾತ್ರ ಮನೆಯದ್ದಾಗಲಿ. ಸ್ಟ್ರಾಬೆರಿಗೆ ಕಾಯಬೇಕಿಲ್ಲ, ನೇರಳೆಹಣ್ಣು, ಸೀಬೆಹಣ್ಣು ಯಾವುದರದ್ದಾದರೂ ನಡೆಯುತ್ತೆ.

ಒಳಗಿನ ಕೇಕಿನ ಬಗ್ಗೆ ಹೆಚ್ಚು ಬರೆಯಲ್ಲ, ಯೂಟ್ಯೂಬ್ ತುಂಬಾ ಅದೇ ಇದೆ. ಮೊಸರು-ಸೋಡಾ ಹಾಕೋರಿಗೆ ಒಂದೇ ಮಾತು: ಎರಡೂ ಸೇರಿದ ಕ್ಷಣದಿಂದಲೇ ಗಾಳಿಗುಳ್ಳೆ ಏಳೋಕೆ ಶುರು, ಆಮೇಲೆ ಫೋನ್ ಬಂದರೂ ಎತ್ತಬೇಡಿ, ಮೊದಲು ಒಲೆಗೆ ಸೇರಿಸಿ. ಓವನ್ ಇಲ್ಲ ಅನ್ನೋದು ನೆಪ. ಗ್ಯಾಸ್ಕೆಟ್, ವೆಯ್ಟ್ ತೆಗೆದ ಕುಕ್ಕರ್ ತಳದಲ್ಲಿ ಉಪ್ಪು ಹರಡಿ, ಸ್ಟ್ಯಾಂಡ್ ಇಟ್ಟು, ಸಣ್ಣ ಉರಿಯಲ್ಲಿ ನಮ್ಮಮ್ಮನ ಕಾಲದವರು ಮಾಡಿದ ಕೇಕುಗಳು ಚೆನ್ನಾಗೇ ಇದ್ದವು.

ಇನ್ನು ನಮ್ಮನೆ ಕಾನೂನು. ಸ್ನೋ ಸ್ಪ್ರೇ ತಂದವರ ಚಪ್ಪಲಿ ಪಕ್ಕದಲ್ಲೇ ಡಬ್ಬಿಯೂ ಉಳಿಯಬೇಕು. ಮುಖಕ್ಕೆ ಕೇಕ್ ಬಳಿಯೋರಿಗೆ ಎರಡನೇ ಚೂರಿಲ್ಲ. ಕ್ರೀಮ್ ಬಳಿಯೋದು ನಾನು, ಮೇಲೆ ಇಡೋದು ಮಕ್ಕಳು. ಗೋಡಂಬಿ ಸಾಲು ಸೊಟ್ಟಗಿದ್ದರೆ ಇರಲಿ, ಸರಿಮಾಡೋಕೆ ದೊಡ್ಡವರು ಕೈ ಹಾಕೋ ಹಾಗಿಲ್ಲ.

ನನಗೂ ಒಂದು ಸಹಾಯ ಬೇಕು. ಬರೋ ಮೇ ತಿಂಗಳಲ್ಲಿ ತಮ್ಮನ ಮಗಳ ಹುಟ್ಟುಹಬ್ಬ ಟೆರೇಸ್ ಮೇಲಂತೆ, ಸಾಯಂಕಾಲ ಐದಕ್ಕೇ. ಬೆಣ್ಣೆ ಕರಗೋಕೆ 35 ಡಿಗ್ರಿಯೂ ಬೇಡ, ನಮ್ಮೂರಲ್ಲಿ ಆ ಹೊತ್ತಿಗೆ ಅದಕ್ಕಿಂತ ಜಾಸ್ತಿ ಇರುತ್ತೆ. ಎರಡು ಪಾಲು ಡಾರ್ಕ್ ಚಾಕೊಲೇಟ್‌ಗೆ ಒಂದು ಪಾಲು ಕೆನೆ ಹಾಕಿದ ಗಟ್ಟಿ ಗನಾಶ್ ಬಳಿಯೋದು ಅಂತ ಯೋಚಿಸಿದ್ದೀನಿ, ಆದರೆ ಹುಡುಗಿಗೆ ಬಿಳೀ ಕೇಕೇ ಬೇಕಂತೆ. ಸಸ್ಯಜನ್ಯ ಕೊಬ್ಬಿನ ಆ ಡಬ್ಬಿ ಕ್ರೀಮ್ ಮುಟ್ಟದೆ ಆ ಬಿಸಿಲಲ್ಲಿ ಬಿಳಿ ನಿಲ್ಲಿಸೋ ಉಪಾಯ ಗೊತ್ತಿದ್ದವರು ಹೇಳಿ. ರಾಯಚೂರು, ಕಲಬುರಗಿ ಕಡೆಯವರು ಮೊದಲು.