ಷರಾ ಶರಣರಿಗೆ ಶರಣು ಶರಣಾರ್ಥಿ

ನಿಮ್ಮಲ್ಲೂ ಇದು ಆಗಿಯೇ ಇರುತ್ತದೆ, ಹಾಗಾಗಿ ಕಥೆಯನ್ನು ಮೊದಲಿನಿಂದ ಹೇಳುವುದಿಲ್ಲ. ರಾತ್ರಿ ಯಾರನ್ನೂ ಕೇಳದೆ ಕಂಪ್ಯೂಟರ್ ಅಪ್‌ಡೇಟ್ ಆಯಿತು, ಬೆಳಿಗ್ಗೆ ಫೈಲು ತೆರೆಯಲಿಲ್ಲ. ತಮಾಷೆಯೆಂದರೆ, ಎಲ್ಲ ಫೈಲುಗಳೂ ಕೆಟ್ಟಿರಲಿಲ್ಲ. ಅಳಿಯನ ರಜೆ ಅರ್ಜಿ ತೆರೆಯಿತು, ಮೊಮ್ಮಗಳ ಜಾವಳದ ಆಮಂತ್ರಣ ತೆರೆಯಿತು, ತೊಗರಿ ಮಾರಿದ ಲೆಕ್ಕವೂ ತೆರೆಯಿತು. ಪರಿಶೀಲಕರು ಅಂಚಿನಲ್ಲಿ ಷರಾ ಬರೆದ ಫೈಲು ಮಾತ್ರ ಬಾಯಿ ಬಿಡಲಿಲ್ಲ. ದೊಡ್ಡವರ ಕೈ ತಾಗಿದ ಫೈಲು ಮುಂದಕ್ಕೆ ಚಲಿಸುವುದಿಲ್ಲ ಎಂಬ ನಿಯಮ ಕಂಪ್ಯೂಟರಿಗೂ ತಿಳಿದಿದೆ ಎಂದರೆ, ಅದಕ್ಕೆ ಬುದ್ಧಿ ಇಲ್ಲ ಎನ್ನುವವರು ಇನ್ನು ಬಾಯಿ ಮುಚ್ಚಬೇಕು.

ನಮ್ಮದು ಹಳೆಯ ಬಾವಿಗಳ ವರದಿ, 212 ಪುಟ. ಬರೆದವರು ಇಬ್ಬರು: ನಿವೃತ್ತ ಮೇಷ್ಟರಾದ ನಾನು, ಮತ್ತು ಬಿಸಿಲಿನಲ್ಲಿ ಅಲೆದು ಬಾವಿಗಳ ಅಳತೆ ತೆಗೆದ ಒಬ್ಬ ಅತಿಥಿ ಉಪನ್ಯಾಸಕ. ಪರಿಶೀಲಿಸಿದವರು ಮೂವರು. ಈ ಮೂವರಲ್ಲಿ ಯಾರೂ ಬಾವಿ ನೋಡಿಲ್ಲ ಎಂದು ನಾನು ಹೇಳುವುದಿಲ್ಲ. ನೋಡಿರಬಹುದು, ಚಿಕ್ಕವರಿದ್ದಾಗ.

ಫೈಲು ಒತ್ತಿದರೆ ಒಂದು ಪ್ರಶ್ನೆ ಬರುತ್ತದೆ. ಇದರೊಳಗೆ ಓದಲಾಗದ ವಿಷಯ ಇದೆಯಂತೆ. ಈ ದಾಖಲೆ ಬಂದ ಮೂಲದ ಮೇಲೆ ನಂಬಿಕೆ ಇದ್ದರೆ 'ಹೌದು' ಒತ್ತಬೇಕಂತೆ. ನಲವತ್ತು ವರ್ಷ ಸರ್ಕಾರಿ ಕಾಗದಗಳೊಡನೆ ಬಾಳಿದ್ದೇನೆ, ಇಷ್ಟು ನೇರವಾದ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಫೈಲು ಬಂದದ್ದು ಒಂದು ಕಚೇರಿಯಿಂದ. ನಂಬಿಕೆ ಇದೆಯೇ? ನಾನು ಬಹಳ ಹೊತ್ತು ಯೋಚಿಸಿದೆ. ಕೊನೆಗೆ ಸುಳ್ಳು ಹೇಳಿ 'ಹೌದು' ಒತ್ತಿದೆ. ಸುಳ್ಳು ಅದಕ್ಕೆ ಗೊತ್ತಾಯಿತೆಂದು ತೋರುತ್ತದೆ, ಇಡೀ ತಂತ್ರಾಂಶವೇ ಮುಚ್ಚಿಕೊಂಡಿತು.

ಅಪ್‌ಡೇಟ್ ನಮ್ಮ ಭಾಗಕ್ಕೆ ಹೊಸದೇನಲ್ಲ. 2014ರ ನವೆಂಬರ್ ಒಂದರಂದು ಗುಲ್ಬರ್ಗ ಕಲಬುರಗಿಯಾಗಿ ಅಪ್‌ಡೇಟ್ ಆಯಿತು. 2019ರಲ್ಲಿ ಹೈದರಾಬಾದ್ ಕರ್ನಾಟಕ ಕಲ್ಯಾಣ ಕರ್ನಾಟಕವಾಗಿ ಅಪ್‌ಡೇಟ್ ಆಯಿತು. ಆವೃತ್ತಿ ಹೊಸದು, ಬಿಸಿಲು ಹಳೆಯದು. ಮೂವರಲ್ಲಿ ಮೊದಲನೆಯ ಪರಿಶೀಲಕರು ನಿಜಾಮರ ಕಾಲದ ದಾಖಲೆಯೊಂದರ ಶೀರ್ಷಿಕೆಯಲ್ಲಿದ್ದ 'ಗುಲ್ಬರ್ಗ'ವನ್ನೂ ತಿದ್ದಲು ಸೂಚಿಸಿದ್ದರು. ನಿಜಾಮರಿಗೆ ಈ ಸೂಚನೆಯನ್ನು ಯಾವ ವಿಳಾಸಕ್ಕೆ ಕಳುಹಿಸಬೇಕೆಂದು ಅವರು ಬರೆದಿರಲಿಲ್ಲ.

ಎರಡನೆಯವರ ಷರಾ ಗಹನವಾದದ್ದು. ಅಂಚಿನ ಚೌಕದಲ್ಲಿ ಕನ್ನಡವೂ ಅಲ್ಲದ, ಇಂಗ್ಲಿಷೂ ಅಲ್ಲದ, ತಲೆಯ ಮೇಲೆ ಟೋಪಿ, ಕಾಲಿಗೆ ಗೆಜ್ಜೆ ಕಟ್ಟಿಕೊಂಡ ಅಕ್ಷರಗಳು. ಅವರು ಹಳೆಯ 'ನುಡಿ' ತಂತ್ರಾಂಶದಲ್ಲಿ ಟೈಪ್ ಮಾಡಿದ್ದರು. ಷರಾ ಚೌಕಕ್ಕೆ ಆ ಫಾಂಟಿನ ಗುರುತು ಹತ್ತಲಿಲ್ಲ. ಎರಡು ದಿನ ನಾನು ಅದನ್ನು ದೊಡ್ಡ ಆಕ್ಷೇಪಣೆ ಎಂದುಕೊಂಡು ಊಟ ಬಿಟ್ಟೆ. ಕೊನೆಗೆ ಯೂನಿಕೋಡಿಗೆ ಪರಿವರ್ತಿಸಿ ನೋಡಿದರೆ ಇದ್ದದ್ದು ಒಂದೇ ಪದ: 'ನೋಡಿದೆ.'

ಮೂರನೆಯವರು ಮೊಬೈಲಿನಲ್ಲೇ ಪರಿಶೀಲಿಸುವವರು. ಒಂದು ಬಾವಿ ಬತ್ತಿದೆ ಎಂದು ಬರೆದ ಸಾಲಿನ ಎದುರು ಅವರ ಷರಾ: 'ಹೌದೇ? ಆಧಾರ ಒದಗಿಸಿ.' ಅತಿಥಿ ಉಪನ್ಯಾಸಕನಿಗೆ ಫೋನಿನಲ್ಲಿ ಓದಿ ಹೇಳಿದೆ. "ಹಗ್ಗ ನಾನು ಕೊಡುತ್ತೇನೆ ಸರ್, ಅವರು ಇಳಿಯಲಿ" ಎಂದ.

ಸೂಪರ್ ಮಾರ್ಕೆಟ್ ಬಳಿ ನನಗೆ ಪರಿಚಯದ ಒಂದು ಡಿಟಿಪಿ ಅಂಗಡಿ ಇದೆ. ಮೂರು ಕಂಪ್ಯೂಟರ್, ಒಂದು ಜೆರಾಕ್ಸ್ ಯಂತ್ರ, ಗಾಳಿಗಿಂತ ಹೆಚ್ಚು ಸದ್ದು ಮಾಡುವ ಕೂಲರ್. ಹುಡುಗ ಪೆನ್‌ಡ್ರೈವ್ ಹಾಕಿ ಮೊದಲು ಫೈಲಿನ ನಕಲು ತೆಗೆದ. ಆಮೇಲೆ ಹೆಸರಿನ ಬಾಲ ಕತ್ತರಿಸಿದ. ವರ್ಡ್ ಫೈಲಿನ ಗುರುತಾದ ಡಾಕ್‌ಎಕ್ಸ್ ಎಂದಿದ್ದಲ್ಲಿ ಜಿಪ್ ಎಂದು ಬರೆದ. ಫೈಲು ಗಂಟು ಬಿಚ್ಚಿದ ಬುತ್ತಿಯಂತೆ ತೆರೆದುಕೊಂಡಿತು! 212 ಪುಟದ ನನ್ನ ವರದಿ ನಿಜವಾಗಿ ಒಂದು ಫೈಲೇ ಅಲ್ಲ, ಹತ್ತಾರು ಸಣ್ಣ ಫೈಲುಗಳ ಗಂಟು.

"ಹಾಗೆಯೇ ನೋಟ್‌ಪ್ಯಾಡಿನಲ್ಲಿ ತೆರೆದರೂ ಗೊತ್ತಾಗುತ್ತದೆ ಸರ್, ಮೊದಲೆರಡು ಅಕ್ಷರ ಪಿ, ಕೆ" ಎಂದು ತೋರಿಸಿದ. ಫೈಲುಗಳನ್ನು ಒತ್ತಿ ಗಂಟು ಕಟ್ಟುವ ಜಿಪ್ ವಿಧಾನವನ್ನು 1989ರಲ್ಲಿ ಹೊರತಂದ ಫಿಲ್ ಕಾಟ್ಜ್ ಎಂಬಾತನ ಹೆಸರಿನ ಮೊದಲಕ್ಷರಗಳು ಅವು. ಪಕ್ಕದಲ್ಲಿ ಜೆರಾಕ್ಸ್ ತೆಗೆಸುತ್ತಿದ್ದ ಚಾಚಾ ಇಣುಕಿ ನೋಡಿ, "ಪೀಕೇ ಬಂದಿದೆಯೇ? ಅದಕ್ಕೇ ತೂರಾಡುತ್ತಿದೆ" ಎಂದರು. ದಖನಿಯಲ್ಲಿ ಪೀಕೇ ಎಂದರೆ ಕುಡಿದು. ನನಗೆ ಮಾತ್ರ ಕನ್ನಡದ 'ಪೀಕುವುದು' ನೆನಪಾಯಿತು. ಸರ್ಕಾರದ ಯಾವ ಫೈಲಿನ ಮೊದಲೆರಡು ಅಕ್ಷರಗಳು ಬೇರೆ ಇವೆ ಹೇಳಿ.

ಗಂಟಿನೊಳಗೆ ಷರಾಗಳಿಗೇ ಪ್ರತ್ಯೇಕ ಮನೆ. ಹಿಂದೆ ಷರಾಗಳೆಲ್ಲ ಒಂದೇ ಫೈಲಿನಲ್ಲಿ ಹೊಂದಿಕೊಂಡು ಇದ್ದವಂತೆ. ಈಗ ಷರಾದ ಪಠ್ಯಕ್ಕೆ ಒಂದು, ಅದಕ್ಕೆ ಬಂದ ಉತ್ತರ ಯಾರ ಕೆಳಗೆ ಎಂದು ಹೇಳಲು ಒಂದು, ಷರಾದ ಗುರುತಿನ ಸಂಖ್ಯೆಗೆ ಒಂದು, ಇತರ ವಿವರಗಳಿಗೆ ಒಂದು, ಬರೆದ ಮಹನೀಯರ ಹೆಸರಿಗೆ ಇನ್ನೊಂದು. ಒಂದು 'ನೋಡಿದೆ'ಗೆ ಐದು ಕಡತ! ಇದನ್ನು ರೂಪಿಸಿದವರು ಎಂದಾದರೂ ನಮ್ಮ ಕಚೇರಿಗಳಲ್ಲಿ ತರಬೇತಿ ಪಡೆದಿರಲೇಬೇಕು.

ಹುಡುಗ ಕೆಳಗೆ ಕೆಳಗೆ ಇಳಿದು ಒಂದೆಡೆ ಬೆರಳಿಟ್ಟ. 47ನೇ ಸಂಖ್ಯೆ ಎರಡು ಷರಾಗಳಿಗೆ ಬಿದ್ದಿತ್ತು. ಒಂದು 'ನೋಡಿದೆ', ಇನ್ನೊಂದು 'ಹೌದೇ?' ಒಬ್ಬರು ಕಂಪ್ಯೂಟರಿನಲ್ಲಿ, ಇನ್ನೊಬ್ಬರು ಮೊಬೈಲಿನ ಬೇರೆ ಆ್ಯಪಿನಲ್ಲಿ ಬರೆದು, ಎರಡನ್ನೂ ಯಾರೋ ಕೂಡಿಸಿದಾಗ ಆದ ಗೊಂದಲ. ಒಂದೇ ನಿವೇಶನವನ್ನು ಇಬ್ಬರಿಗೆ ಹಂಚಿದಂತೆ. ಹಳೆಯ ಆವೃತ್ತಿ ಇದನ್ನು ಕಂಡೂ ಕಾಣದಂತೆ ಬಿಡುತ್ತಿತ್ತು. ಹೊಸದಕ್ಕೆ ಹೊಸ ಅಧಿಕಾರಿಯ ಹುರುಪು, ನಿಯಮ ತಪ್ಪಿದ್ದರೆ ಇಡೀ ಕಡತ ವಾಪಸ್.

"ಷರಾ ಬೇಡವೆಂದರೆ ಸುಲಭ ಸರ್. ಲಿಬ್ರೆಆಫೀಸ್ ಎಂಬ ಉಚಿತ ತಂತ್ರಾಂಶದಲ್ಲಿ ತೆರೆದು, ಎಲ್ಲವನ್ನೂ ಅಳಿಸಿ, ಮತ್ತೆ ಉಳಿಸಿದರೆ ಎಷ್ಟೋ ಸಲ ಸರಿಹೋಗುತ್ತದೆ."

ಷರಾ ಬೇಡವೆನ್ನಲು ನಾನು ಯಾರು? ಬೇಕು ಎಂದೆ. ಹಾಗಾದರೆ ಒಂದು 47ಕ್ಕೆ ಬೇರೆ ಸಂಖ್ಯೆ ಕೊಡಬೇಕು, ಮೂಲ ಪಠ್ಯದಲ್ಲೂ ಮೂರು ಕಡೆ ಬದಲಿಸಬೇಕು: ಷರಾ ಎಲ್ಲಿಂದ ಶುರು, ಎಲ್ಲಿಗೆ ಮುಕ್ತಾಯ, ಗುರುತು ಎಲ್ಲಿ. ಅರ್ಧ ಗಂಟೆ ಕುಳಿತು ಮಾಡಿದ. ಮತ್ತೆ ಜಿಪ್ ಮಾಡಿದಾಗ ಮೊದಲ ಸಲ ತೆರೆಯಲಿಲ್ಲ, ಹೊರಗಿನ ಫೋಲ್ಡರನ್ನೂ ಸೇರಿಸಿ ಕಟ್ಟಿಬಿಟ್ಟಿದ್ದ. ಒಳಗಿನವನ್ನು ಮಾತ್ರ ಆರಿಸಿ ಕಟ್ಟಿದ. ಬಾವಿಗಳು ಬಂದವು. ಅರವತ್ತು ರೂಪಾಯಿ ಕೇಳಿದ.

ಷರಾ ಬರೆಯುವುದು ಕೀಳು ಕೆಲಸ ಎಂದು ನಾನು ಹೇಳುತ್ತಿಲ್ಲ. ಕಲ್ಯಾಣದ ಚಾಲುಕ್ಯ ಆರನೇ ವಿಕ್ರಮಾದಿತ್ಯನ ಆಸ್ಥಾನದಲ್ಲಿ ವಿಜ್ಞಾನೇಶ್ವರ ಎಂಬ ಪಂಡಿತನಿದ್ದ. ಆತ ನಮ್ಮವನೇ ಎನ್ನುತ್ತಾರೆ ಇಲ್ಲೇ ಹತ್ತಿರದ ಮರತೂರಿನವರು. ಯಾಜ್ಞವಲ್ಕ್ಯ ಸ್ಮೃತಿಯ ಸಾವಿರದಷ್ಟು ಶ್ಲೋಕಗಳಿಗೆ ಅವನು ಬರೆದ ಷರಾ ಮೂಲಕ್ಕಿಂತ ಎಷ್ಟೋ ಪಾಲು ದಪ್ಪ. ಹೆಸರು ಮಾತ್ರ ಮಿತಾಕ್ಷರ. ಬಂಗಾಳ, ಅಸ್ಸಾಂ ಬಿಟ್ಟರೆ ದೇಶದ ಹೆಚ್ಚಿನ ಕಡೆ ಹಿಂದೂ ಕುಟುಂಬಗಳ ಆಸ್ತಿ ಪಾಲಾದದ್ದು ಆ ಷರಾದ ಪ್ರಕಾರ. 1956ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂತು. 2005ರ ತಿದ್ದುಪಡಿ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಪಾಲು ಕೊಟ್ಟಿತು. ಇಷ್ಟೆಲ್ಲ ಅಪ್‌ಡೇಟ್ ಆದರೂ ಆ ಫೈಲು ಇನ್ನೂ ತೆರೆಯುತ್ತದೆ, ತೆರೆದಿಟ್ಟುಕೊಂಡು ಜಗಳವಾಡಲು ಕಲಬುರಗಿಯಲ್ಲೇ ಹೈಕೋರ್ಟ್ ಪೀಠವೂ ಇದೆ. ಆದರೆ ನಿಜವಾದ ಮಿತಾಕ್ಷರ ಎಂದರೆ ನಮ್ಮ ಎರಡನೆಯ ಪರಿಶೀಲಕರದು. ಮೂರಕ್ಷರ. ಅದಕ್ಕೆ ಗೌರವಧನವೂ ಉಂಟು, ಈಗಾಗಲೇ ಪಾವತಿಯಾಗಿದೆ.

ಅತಿಥಿ ಉಪನ್ಯಾಸಕನದು ಆಗಿಲ್ಲ. ನಗುವುದಕ್ಕೆ ನನಗೂ ಇಷ್ಟವೇ, ಆದರೆ ಇಲ್ಲಿ ನಗು ಬರುತ್ತಿಲ್ಲ. ಏಪ್ರಿಲ್ ತಿಂಗಳಲ್ಲಿ, ಆಳಂದ, ಸೇಡಂ, ಚಿಂಚೋಳಿ ಎಂದು ಸ್ವಂತ ಬೈಕಿಗೆ ಸ್ವಂತ ಪೆಟ್ರೋಲ್ ಹಾಕಿಸಿಕೊಂಡು ಅಲೆದವನು ಅವನು. ಮೆಟ್ಟಿಲು ಕುಸಿದ ಬಾವಿಗೆ ಇಳಿದು, ಟೇಪ್ ಹಿಡಿಯಲು ಊರ ಹುಡುಗರನ್ನು ಕಾಡಿ ಬೇಡಿ, ಅಂಗೈ ತರಚಿಕೊಂಡು ಬಂದವನು. 'ಅಂತಿಮ ಕಡತ ಸಲ್ಲಿಕೆಯಾದ ಮೇಲೆ ಬಿಲ್ಲು' ಎಂದು ಅವನಿಗೆ ಹೇಳಿದ್ದಾರೆ. ಕೆಟ್ಟದ್ದು ಪರಿಶೀಲಕರ ಷರಾ, ಕೆಡಿಸಿದ್ದು ಯಾರದೋ ಅಪ್‌ಡೇಟ್, ದುಡ್ಡು ನಿಂತದ್ದು ಅವನದು. ತಡವಾದದ್ದಕ್ಕೆ ಕಾರಣ ಕೇಳಿ ನೋಟಿಸ್ ಕೊಟ್ಟದ್ದೂ ಅವನಿಗೇ. ಮನೆ ಬಾಡಿಗೆ ಕೇಳುವವನಿಗೆ 47ನೇ ಷರಾದ ಕಥೆ ಹೇಳಲಾಗುತ್ತದೆಯೇ? ಸಾಕಾಗಿದೆ.

ಸರಿಪಡಿಸಿದ ಫೈಲನ್ನು ಕಳುಹಿಸಿದೆ. ನಾಲ್ಕನೇ ದಿನ ಹಿಂಬರಹ ಬಂತು: 'ಸದರಿ ಕಡತದಲ್ಲಿ 47ನೇ ಷರಾ ಒಂದೇ ಇದ್ದು, ಕಚೇರಿಯ ಪ್ರತಿಯಲ್ಲಿ ಎರಡು ಇರುತ್ತವೆ. ಸೂಕ್ತ ಸಮಜಾಯಿಷಿಯೊಂದಿಗೆ ಮರುಸಲ್ಲಿಸುವುದು.'

ಮತ್ತೆ ಅಂಗಡಿಗೆ ಹೋದೆ. ಹುಡುಗ ಹಿಂಬರಹ ಓದಿ ಏನೂ ಅನ್ನಲಿಲ್ಲ, ಚಹಾ ತರಿಸಿದ. ಸಂಜೆ ಶಟರ್ ಎಳೆಯುವ ಹೊತ್ತಿಗೆ ಕಂಪ್ಯೂಟರ್ ಆರಿಸಲು ಹೋದರೆ ಪರದೆಯ ಮೇಲೆ ಎದ್ದು ಕಂಡದ್ದು: 'ಅಪ್‌ಡೇಟ್ ಮಾಡಿ ಮುಚ್ಚಿ.' ನಾವಿಬ್ಬರೂ ಅದನ್ನೇ ನೋಡುತ್ತಾ ನಿಂತೆವು. ಅವನು ಮೇಜಿನ ಕೆಳಗೆ ಬಗ್ಗಿ, ಗೋಡೆಯಿಂದ ಪ್ಲಗ್ ಕಿತ್ತ.